ಇಪ್ಪತ್ತನಾಲ್ಕು ಅಡಿ

ಹತ್ತು ದಿನ ಈ ಕುರ್ಚಿಯಲ್ಲಿ ನಾನು ಕಾಣಿಸಲಿಲ್ಲ. ಚಾನೆಲ್ ಬಿಟ್ಟುಬಿಟ್ರಾ, ಬೇರೆ ಕಡೆ ಸೇರ್ಕೊಂಡ್ರಾ ಅಂತ ತುಂಬಾ ಜನ ಕೇಳಿದ್ರಿ. ಎಲ್ಲೂ ಸೇರಿಲ್ಲ. ರಜೆ ಹಾಕಿ ಸೈಕಲ್ ತುಳಿಯೋಕೆ ಹೋಗಿದ್ದೆ. ಅದೂ ಫ್ರಾನ್ಸ್‌ನಲ್ಲಿ. ಲಿಫ್ಟ್ ಕೆಟ್ಟರೆ ಎರಡನೇ ಮಹಡಿ ಹತ್ತೋಕೆ ಗೊಣಗುವವನು ಅಲ್ಲಿ ಹೋಗಿ ಸೈಕಲ್ ತುಳಿದನಂತೆ ಅಂತ ನಮ್ಮ ಡೆಸ್ಕ್‌ನವರೇ ನಗ್ತಿದ್ದಾರೆ. ನಗಲಿ. ಅಲ್ಲಿ ಒಂದು ದಾರಿ ನೋಡಿದೆ. ಆ ದಾರಿಯ ಹಿಂದೆ ಒಂದು ಕಾನೂನಿದೆ. ಇವತ್ತು ರಾಜಕೀಯ ಬದಿಗಿಟ್ಟು ಅದರ ಬಗ್ಗೆ ಮಾತಾಡ್ತೀನಿ.

ಫ್ರಾನ್ಸಿನ ನೈರುತ್ಯದಲ್ಲಿ ಲೊಟ್ ಅಂತ ಒಂದು ನದಿ. ಸೆವೆನ್ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 480 ಕಿಲೋಮೀಟರ್ ಹರಿದು ಗರೋನ್ ನದಿಯನ್ನು ಸೇರುತ್ತದೆ. ನೆಟ್ಟಗೆ ಹರಿಯೋದೇ ಅದಕ್ಕೆ ಗೊತ್ತಿಲ್ಲ. ಹಾವಿನ ಹಾಗೆ ಬಳುಕಿ ಬಳುಕಿ ಹೋಗುತ್ತೆ. ಕಾಓರ್ ಅನ್ನೋ ಪಟ್ಟಣವನ್ನು ಮೂರು ಕಡೆಯಿಂದ ಸುತ್ತಿಕೊಂಡಿದೆ. 14ನೇ ಶತಮಾನದ ಮೂರು ಗೋಪುರಗಳ ಕಲ್ಲಿನ ಸೇತುವೆ ಇರುವ ಊರು ಅದು. ಅಲ್ಲಿಂದ ನದಿಯ ಮೇಲ್ಮುಖವಾಗಿ ಹೊರಟರೆ ಒಂದು ಕಡೆ ನೀರು, ಇನ್ನೊಂದು ಕಡೆ ಬಿಳಿ ಸುಣ್ಣಕಲ್ಲಿನ ಬಂಡೆ, ನಡುವೆ ಆಕ್ರೋಟ್ ತೋಪು, ಜೋಳದ ಹೊಲ. ಗಂಟೆಗಟ್ಟಲೆ ಒಬ್ಬ ಮನುಷ್ಯ ಸಿಗಲ್ಲ. ಹಾರ್ನ್ ಅಂತೂ ಕೇಳಲೇ ಇಲ್ಲ.

ನಾನು ಬಾಡಿಗೆಗೆ ತಗೊಂಡಿದ್ದು ಗ್ರಾವೆಲ್ ಬೈಕ್. ಹೆಸರು ಕೇಳಿ ಹೆದರಬೇಡಿ. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ಅದರ ಹಗುರ ಮೈ, ಆದರೆ ದಪ್ಪ ಟೈರು. 40ರಿಂದ 45 ಮಿಲಿಮೀಟರ್ ಅಗಲ. ನಮ್ಮ ಕಡೆ ಗರಸು ಹೊಡೆದ ದಾರಿ ಅಂತೀವಲ್ಲ, ಅಂಥದ್ದಕ್ಕೇ ಮಾಡಿದ ಸೈಕಲ್. ಗಾಳಿ ಕಮ್ಮಿ ತುಂಬಿಸ್ತಾರೆ, ಮೂವತ್ತು ಚಿಲ್ಲರೆ ಪಿಎಸ್‌ಐ ಅಷ್ಟೇ. ಗಾಳಿ ಗಟ್ಟಿ ಇದ್ದಷ್ಟೂ ಸೈಕಲ್ ಸಲೀಸು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ನುಣ್ಣನೆ ಡಾಂಬರಿನ ಮೇಲೆ ಅದು ನಿಜ. ಕಲ್ಲಿನ ದಾರಿಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ನಿಮ್ಮನ್ನೂ ಸೇರಿಸಿ ಮೇಲಕ್ಕೆ ಎತ್ತುತ್ತೆ. ಆ ಎತ್ತುವ ಶಕ್ತಿಯೆಲ್ಲ ನಿಮ್ಮ ಕಾಲಿನದು, ಎತ್ತಿದ ಮೇಲೆ ವಾಪಸ್ ಬರಲ್ಲ. ಮೆತ್ತನೆಯ ಟೈರು ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತೆ. ಎಂಜಿನಿಯರಿಂಗ್ ಓದಿ ಟೀವಿಗೆ ಬಂದು ವೇಸ್ಟ್ ಮಾಡ್ಕೊಂಡ ಅಂತ ನಮ್ಮಪ್ಪ ಈಗಲೂ ಹೇಳ್ತಾರೆ. ಇವತ್ತು ಇಷ್ಟಾದರೂ ಉಪಯೋಗಕ್ಕೆ ಬಂತು.

ಕಾಓರ್‌ನಿಂದ ಸುಮಾರು 25 ಕಿಲೋಮೀಟರ್ ಆಚೆ ಬೂಝಿಯೆಸ್ ಅಂತ ಪುಟ್ಟ ಹಳ್ಳಿ. ಸೆಲೆ ಅನ್ನೋ ಉಪನದಿ ಲೊಟ್‌ಗೆ ಸೇರುವುದು ಅಲ್ಲೇ ಹತ್ತಿರ. ಅಲ್ಲಿ ಸೈಕಲ್ಲಿಗೆ ಬೀಗ ಹಾಕಿ ನಡೆದೆ, ಯಾಕಂದ್ರೆ ಮುಂದಿನ ತುಂಡು ನಡೆದೇ ನೋಡಬೇಕು. ಬಂಡೆ ಸೀದಾ ನೀರಿಗೆ ಇಳಿದಿದೆ. ಕಾಲಿಡೋಕೆ ಜಾಗವೇ ಇಲ್ಲದ ಕಡೆ, 19ನೇ ಶತಮಾನದ ನಡುವಿನಲ್ಲಿ, ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದ್ದಾರೆ. ತಲೆಯ ಮೇಲೂ ಬಂಡೆ, ಪಕ್ಕದಲ್ಲೂ ಬಂಡೆ, ಇನ್ನೊಂದು ಪಕ್ಕ ನದಿ. ಗಾನಿಲ್ ದಾರಿ ಅಂತಾರೆ. ಇದನ್ನು ಪ್ರವಾಸಿಗರಿಗೆ ಕೊರೆದದ್ದಲ್ಲ. ದೋಣಿ ಎಳೆಯೋಕೆ ಕೊರೆದದ್ದು.

ಕಾಓರ್‌ನ ಕಡುಗಪ್ಪು ದ್ರಾಕ್ಷಾರಸ ಈ ನದಿಯಲ್ಲೇ ತೇಲಿ ಬೋರ್ಡೋ ಬಂದರಿಗೆ ಹೋಗುತ್ತಿತ್ತು. ಹೋಗೋದು ಸುಲಭ, ನೀರೇ ಹೊತ್ತೊಯ್ಯುತ್ತೆ. ವಾಪಸ್ ಬರೋದು? ದಡದ ಮೇಲಿಂದ ಹಗ್ಗ ಕಟ್ಟಿ ಎಳೀಬೇಕು. ಕೆಲವು ಕಡೆ ಪ್ರಾಣಿಗಳು, ಕೆಲವು ಕಡೆ ಮನುಷ್ಯರೇ. ಕಚ್ಚಾ ರಸ್ತೆಯಲ್ಲಿ ಒಂದು ಟನ್ ಎಳೆಯೋಕೆ ಏದುಸಿರು ಬಿಡೋ ಕುದುರೆ, ನಿಂತ ನೀರಿನಲ್ಲಿ ನಿಧಾನಕ್ಕೆ ನಡೆದರೆ ಮೂವತ್ತು ಟನ್ ದೋಣಿಯನ್ನೂ ಎಳೆದೀತು. ಆದರೆ ಒಂದು ಷರತ್ತು. ದಡದಲ್ಲಿ ದಾರಿ ತುಂಡಾಗಬಾರದು. ಒಬ್ಬ ಜಮೀನ್ದಾರ ನೀರಿನ ತನಕ ಬೇಲಿ ಹಾಕಿದ ಅಂದ್ರೆ ಇಡೀ ನದಿಯ ವ್ಯಾಪಾರ ಅಲ್ಲಿಗೆ ನಿಂತಿತು.

ಅದಕ್ಕೇ 1669ರಲ್ಲಿ, ಹದಿನಾಲ್ಕನೇ ಲೂಯಿ ಕಾಲದಲ್ಲಿ, ಮಂತ್ರಿ ಕೋಲ್ಬೆರ್ ಒಂದು ಶಾಸನ ತಂದ. ದೋಣಿ ಓಡಾಡುವ ನದಿಯ ಪಕ್ಕದ ಜಮೀನಿನವರು ಎಳೆಯುವ ಬದಿಯಲ್ಲಿ ಇಪ್ಪತ್ತನಾಲ್ಕು ಅಡಿ ಬಿಡಬೇಕು. ಇನ್ನೊಂದು ಬದಿಯಲ್ಲಿ ಹತ್ತು ಅಡಿ. ಎಳೆಯುವ ಬದಿಯಲ್ಲಿ ಮೂವತ್ತು ಅಡಿಯೊಳಗೆ ಮರ ನೆಡಂಗಿಲ್ಲ, ಬೇಲಿ ಹಾಕಂಗಿಲ್ಲ. ಜಮೀನು ನಿನ್ನದೇ, ಯಾರು ಇಲ್ಲ ಅಂದ್ರು, ಆದರೆ ದಾರಿ ಬಿಡು.

ರಾಜ ಹೋದ. ಕ್ರಾಂತಿ ಆಯ್ತು. ರೈಲು ಬಂತು, ದೋಣಿಗಳು ಹೋದವು. 1926ರಲ್ಲಿ ಲೊಟ್ ನದಿಯನ್ನು ದೋಣಿ ಸಂಚಾರದ ನದಿಗಳ ಪಟ್ಟಿಯಿಂದಲೇ ತೆಗೆದರು. ಅಡಿಯ ಅಳತೆಯೂ ಹೋಗಿ ಮೀಟರ್ ಬಂತು. ಈಗಿನ ಫ್ರೆಂಚ್ ಕಾನೂನಿನಲ್ಲಿ ಇರುವ ಅಂಕಿ ನೋಡಿ: 7.80 ಮೀಟರ್, 3.25 ಮೀಟರ್, ಮರ-ಬೇಲಿಗೆ 9.75 ಮೀಟರ್. ಇದೇನು ವಿಚಿತ್ರ ಅಂಕಿ, ಎಂಟು, ಮೂರೂವರೆ, ಹತ್ತು ಅಂತ ಇಡಬಾರದಿತ್ತಾ ಅಂತ ಫೋನಿನಲ್ಲಿ ಲೆಕ್ಕ ಹಾಕಿದೆ. ಆ ಕಾಲದ ರಾಜನ ಅಡಿ ನಮ್ಮ 32.5 ಸೆಂಟಿಮೀಟರ್‌ಗೆ ಹತ್ತಿರ. ಗುಣಿಸಿ. ಇಪ್ಪತ್ತನಾಲ್ಕು ಅಡಿ, ಹತ್ತು ಅಡಿ, ಮೂವತ್ತು ಅಡಿ! ಮುನ್ನೂರೈವತ್ತು ವರ್ಷದಲ್ಲಿ ಒಂದು ಗೇಣು ಕಮ್ಮಿ ಮಾಡಿಲ್ಲ. ಕುದುರೆಗೆ ಬಿಟ್ಟ ಜಾಗದಲ್ಲೇ ಇವತ್ತು ಮೀನು ಹಿಡಿಯುವವರು ಹೋಗ್ತಾರೆ, ನಡೆಯುವವರು ಹೋಗ್ತಾರೆ. ಸೈಕಲ್ಲಿಗೆ ಅಲ್ಲಿ ತಾನಾಗಿ ಹಕ್ಕಿಲ್ಲ, ಸ್ಥಳೀಯ ಆಡಳಿತ ಒಪ್ಪಂದ ಮಾಡಿಕೊಂಡು ತೆರೆದ ಕಡೆ ಮಾತ್ರ.

ಹಾಗಂತ ಅಲ್ಲಿ ಎಲ್ಲರೂ ಸಾಚಾ ಅಂದ್ಕೋಬೇಡಿ. ಆನ್ಸಿ ಸರೋವರದ ದಡದಲ್ಲಿ ದೊಡ್ಡ ದೊಡ್ಡ ಬಂಗಲೆಗಳಿವೆ. ಈ 3.25 ಮೀಟರ್ ಬಿಡ್ರಪ್ಪಾ ಅಂತ ಅಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ದುಡ್ಡಿದ್ದವನಿಗೆ ನೀರಿನ ಪಕ್ಕ ಇನ್ನೊಬ್ಬ ನಡೆಯೋದು ಎಲ್ಲಿಯೂ ಇಷ್ಟವಾಗಲ್ಲ.

ಎರಡು ದಿನ ನದಿ ಬಿಟ್ಟು ಮೇಲಿನ ಪ್ರಸ್ಥಭೂಮಿಗೆ ಹತ್ತಿದೆ. ಕುಳ್ಳ ಓಕ್ ಮರ, ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ, ಕಣ್ಣಿನ ಸುತ್ತ ಕಪ್ಪು ಕನ್ನಡಕ ಹಾಕಿಕೊಂಡ ಹಾಗಿರೋ ಕುರಿಗಳು. ಎರಡು ಗೋಡೆಗಳ ನಡುವೆ ಬಿಳಿ ಕಲ್ಲಿನ ದಾರಿ. ಗ್ರಾವೆಲ್ ಸೈಕಲ್ಲಿನವರಿಗೆ ಸ್ವರ್ಗ. ಇವು ಹಳ್ಳಿಯ ದಾರಿಗಳು, ಊರಿನ ಪಂಚಾಯ್ತಿಯ ಸ್ವತ್ತು. ಆದರೆ ಇವಕ್ಕೆ ನದಿ ದಡದಷ್ಟು ಗಟ್ಟಿ ಕಾನೂನು ಇಲ್ಲ. ಪಂಚಾಯ್ತಿಯ ಖಾಸಗಿ ಆಸ್ತಿ ಅಂತ ಲೆಕ್ಕ. ಅಂದ್ರೆ ಪಕ್ಕದ ರೈತ ಉತ್ತು, ಬೇಲಿ ಹಾಕಿ, ಮೂವತ್ತು ವರ್ಷ ಯಾರೂ ಕೇಳದೆ ಅನುಭವಿಸಿದರೆ ಅದು ಅವನದೇ ಆಗಬಹುದು. ಎರಡನೇ ಮಹಾಯುದ್ಧದ ನಂತರ ಚೂರು ಚೂರು ಜಮೀನು ಒಟ್ಟುಗೂಡಿಸಿದಾಗಲೂ ಲೆಕ್ಕವಿಲ್ಲದಷ್ಟು ದಾರಿಗಳು ಟ್ರ್ಯಾಕ್ಟರ್ ಕೆಳಗೆ ಹೋದವು. 2022ರಲ್ಲಿ ಒಂದು ತಿದ್ದುಪಡಿ ತಂದರು. ಪಂಚಾಯ್ತಿ ತನ್ನ ದಾರಿಗಳ ಗಣತಿಗೆ ಇಳಿದರೆ ಆ ಮೂವತ್ತು ವರ್ಷದ ಗಡಿಯಾರ ಅಲ್ಲಿಯವರೆಗೆ ನಿಲ್ಲುತ್ತೆ.

ನಾನು ಉಳಿದುಕೊಂಡಿದ್ದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಬೆಳಗ್ಗೆ ನನ್ನ ನಕ್ಷೆಯ ಮೇಲೆ ಬೆರಳಿಟ್ಟು, ಡಾಂಬರು ರಸ್ತೆ ಬೇಡ, ಈ ದಾರಿಯಲ್ಲೇ ಹೋಗು ಅಂದ್ರು. ಚೆನ್ನಾಗಿದೆಯಾ ಅಂದೆ. ಚೆನ್ನಾಗಿಲ್ಲ, ಮುಳ್ಳಿದೆ, ಆದರೂ ಹೋಗು ಅಂದ್ರು. ಯಾಕೆ ಅಂದ್ರೆ ದಾರಿ ಸಾರ್ವಜನಿಕರದ್ದು ಅಂತ ಸಾಧಿಸೋಕೆ ಜನ ಓಡಾಡ್ತಿರಬೇಕು, ಇಲ್ಲ ಪಂಚಾಯ್ತಿ ಅದನ್ನ ಆಗಾಗ ಸವರಿ ಸರಿ ಮಾಡ್ತಿರಬೇಕು. ಅವರೇ ಊರಿನ ನಾಲ್ಕು ಜನರ ಜೊತೆ ಕುಡುಗೋಲು ಹಿಡಿದು ಮುಳ್ಳು ಸವರ್ತಾರಂತೆ. ನನ್ನ ಟೈರಿನ ಗುರುತು ಅವರಿಗೆ ಒಂದು ಸಾಕ್ಷಿ. ಹೋದೆ. ಮೊಣಕಾಲೆಲ್ಲ ಗೀರು, ಒಂದು ಪಂಕ್ಚರು.

ಈ ಗೀರು ಗಾಯ ಇಟ್ಕೊಂಡೇ ಅವತ್ತು ರಾತ್ರಿ ನಮ್ಮೂರಿನ ಗ್ರಾಮ ನಕಾಶೆ ತೆಗೆದು ನೋಡಿದೆ. ಈಗ ಆನ್‌ಲೈನಲ್ಲೇ ಸಿಗುತ್ತೆ. ಕೆರೆಗೆ ಹೋಗೋ ಬಂಡಿದಾರಿ ಚುಕ್ಕೆ ಗೆರೆಯಲ್ಲಿ ಸ್ಪಷ್ಟವಾಗಿದೆ. ನಕಾಶೆ ಕಂಡ ದಾರಿ, ಬಿ ಖರಾಬು. ನೆಲದ ಮೇಲೆ ಅದು ಇಲ್ಲ. ಎರಡೂ ಕಡೆಯ ಜಮೀನಿನವರು ಒತ್ತಿಕೊಂಡು ಬಂದು ಮಧ್ಯದಲ್ಲಿ ಸೇರಿಬಿಟ್ಟಿದ್ದಾರೆ. ಒಂದು ಕಡೆಯ ಜಮೀನು ನಮ್ಮದು.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. "ಯಾರು ಓಡಾಡ್ತಾರಪ್ಪಾ ಅಲ್ಲಿ? ಊರಲ್ಲಿ ಒಂದು ಎತ್ತಿನ ಬಂಡಿ ಉಳಿದಿದ್ಯಾ ಈಗ?" ಅಂದ್ರು. ಕೆರೆಗೆ ಹೋಗೋರು ಇದ್ದಾರಲ್ಲ ಅಂದೆ. "ಸುತ್ತಿ ಹೋಗ್ತಾರೆ, ಅಭ್ಯಾಸ ಆಗಿದೆ." ಒತ್ತುವರಿ ತೆರವಿನ ದಿನ ಇದೇ ಸ್ಟುಡಿಯೋದಲ್ಲಿ ಕೂತು, ಜೆಸಿಬಿಯನ್ನು ಲೈವ್ ತೋರಿಸಿ, ನಾನು ಎಷ್ಟು ಜೋರಾಗಿ ಮಾತಾಡ್ತೀನಿ ಅಂತ ನಿಮಗೆ ಗೊತ್ತು. ಅಪ್ಪನಿಗೂ ಗೊತ್ತು. ಅದನ್ನೂ ಹೇಳಿಯೇ ಫೋನ್ ಇಟ್ಟರು.

ಹೋದ ವಾರ ಹದ್ದುಬಸ್ತಿಗೆ ಅರ್ಜಿ ಹಾಕಿದ್ದೀನಿ. ಸರ್ವೆಯವರ ತಾರೀಕು ಇನ್ನೂ ಬಂದಿಲ್ಲ. ಅಮ್ಮ ಮಾತ್ರ ನಿನ್ನೆ ಹೇಳಿದ್ರು, ಅಳತೆ ಮಾಡಿದರೆ ಆರು ತೆಂಗಿನ ಮರ ದಾರಿಯಲ್ಲೇ ಸಿಗುತ್ತಂತೆ. ನಾನು ಹೈಸ್ಕೂಲಲ್ಲಿದ್ದಾಗ ನೆಟ್ಟ ಸಸಿಗಳು. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವನು ನಾನೇ.