ತೆಂಗಿನ ತೋಟದ ಗುತ್ತಿಗೆ: ಮರದ ಲೆಕ್ಕ, ಮನುಷ್ಯರ ಲೆಕ್ಕ

(ಮಾಯಸಂದ್ರದಲ್ಲಿ ತೆಂಗು ಬೆಳೆಗಾರರ ಮುಂದೆ ಮಾಡಿದ ಭಾಷಣದ ಬರಹರೂಪ)



ತೆಂಗಿನ ಸೀಮೆಯ ಜನರಿಗೆ ತೆಂಗಿನ ಬಗ್ಗೆ ಹೇಳಹೊರಡುವುದು ಕುಂಬಾರರ ಕೇರಿಗೆ ಮಡಕೆ ಹೊತ್ತುಕೊಂಡು ಹೋದ ಹಾಗೆ. ಆದ್ದರಿಂದ ಬೇಸಾಯದ ಕ್ರಮವನ್ನು ನಾನು ಇಲ್ಲಿ ವಿವರಿಸುವುದಿಲ್ಲ. ತೋಟ ಒಬ್ಬರದು, ಅದರಲ್ಲಿ ದುಡಿಯುವವರು ಇನ್ನೊಬ್ಬರು ಎಂಬ ಪರಿಸ್ಥಿತಿ ಇದೆಯಲ್ಲ, ಅದರ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ತೋಟಗಳು ಬೇಕಾದಷ್ಟಿವೆ. ಯಜಮಾನರು ಬೆಂಗಳೂರಿನಲ್ಲೋ ತುಮಕೂರಿನಲ್ಲೋ ನೌಕರಿಯಲ್ಲಿರುತ್ತಾರೆ, ಇಲ್ಲವೇ ವಯಸ್ಸಾಗಿ ಮನೆಯಲ್ಲಿರುತ್ತಾರೆ. ಮರಗಳ ಕೆಳಗೆ ಓಡಾಡುವವರು ಬೇರೆಯವರು. ಇವರಿಬ್ಬರ ನಡುವಿನ ಕರಾರು ಬಹುಮಟ್ಟಿಗೆ ಬಾಯಿಮಾತಿನದು.

ಈ ಬಾಯಿಮಾತಿನ ಕರಾರಿನಲ್ಲಿ ಸಾಮಾನ್ಯವಾಗಿ ಮೂರು ಬಗೆಗಳನ್ನು ಕಾಣಬಹುದು. ಒಂದು, ವಾರ: ಗೊಬ್ಬರ, ಉಳುಮೆ, ನೀರಿನ ಖರ್ಚನ್ನು ಮಾತಾಡಿಕೊಂಡಂತೆ ಹಂಚಿಕೊಂಡು ಬಂದ ಕಾಯಿಯಲ್ಲಿ ಪಾಲು ಮಾಡಿಕೊಳ್ಳುವುದು. ಎರಡು, ತೋಟದ ಗುತ್ತಿಗೆ: ವರ್ಷಕ್ಕೆ ಇಷ್ಟು ಹಣವೆಂದು ಕೊಟ್ಟು ತೋಟವನ್ನು ಪೂರ್ತಿಯಾಗಿ ನೋಡಿಕೊಳ್ಳುವುದು. ಮೂರು, ಫಸಲಿನ ಗುತ್ತಿಗೆ: ಮರದ ಮೇಲಿರುವ ಕಾಯಿಯನ್ನು ಅಂದಾಜು ಮಾಡಿ ಕೊಂಡು, ಕೆಡವಿಕೊಂಡು ಹೋಗುವುದು. ವಿವರಗಳು ಊರಿಂದೂರಿಗೆ ಬೇರೆಯಾಗುತ್ತವೆ. ಆದರೆ ಮೂರರಲ್ಲೂ ಅವಧಿ ಹೆಚ್ಚಾಗಿ ಒಂದು ವರ್ಷದ್ದು. ತೊಂದರೆಯ ಮೂಲ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ತೆಂಗಿನ ಮರದ ವರ್ಷ ನಮ್ಮ ಪಂಚಾಂಗದ ವರ್ಷವಲ್ಲ. ಹೊಂಬಾಳೆ ಒಡೆದು ಹೂವು ಕಾಯಿಗಟ್ಟಿ ಬಲಿಯುವುದಕ್ಕೆ ಹನ್ನೊಂದು ಹನ್ನೆರಡು ತಿಂಗಳು ಬೇಕು ಎಂಬುದು ನಿಮಗೆಲ್ಲ ಗೊತ್ತಿದೆ. ಆ ಹೊಂಬಾಳೆಯ ಮೊಳಕೆ ಮರದ ಸುಳಿಯೊಳಗೆ ಹುಟ್ಟುವುದು ಅದು ಹೊರಗೆ ಒಡೆಯುವುದಕ್ಕೆ ಸುಮಾರು 32 ತಿಂಗಳು ಮೊದಲು ಎಂದು ಸಸ್ಯವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಎರಡನ್ನೂ ಕೂಡಿದರೆ 44 ತಿಂಗಳಾಯಿತು, ಅಂದರೆ ಮೂರು ವರ್ಷ ಎಂಟು ತಿಂಗಳು. ನಮ್ಮ ಕಡೆ ಕಾಯಿಯನ್ನು ಅಷ್ಟಕ್ಕೇ ಮಾರುವುದಿಲ್ಲ. ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಹಾಕಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗಲಗಲ ಎನ್ನುವವರೆಗೆ ಕಾಯುತ್ತೇವೆ. ಹೀಗಾಗಿ ತಿಪಟೂರಿನ ಮಾರುಕಟ್ಟೆಗೆ ಬರುವ ಒಂದು ಉಂಡೆ ಕೊಬ್ಬರಿಯ ಹಿಂದೆ ನಾಲ್ಕೂವರೆ ವರ್ಷದಷ್ಟು ಕಾಲ ಇರುತ್ತದೆ.

ಈ ಲೆಕ್ಕವನ್ನು ಒಂದು ವರ್ಷದ ಗುತ್ತಿಗೆಯ ಪಕ್ಕದಲ್ಲಿಟ್ಟು ನೋಡಿ. ಮರದಿಂದ ಮರಕ್ಕೆ 30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 48 ಮರ ಬರುತ್ತವೆ. ಫಸಲಿಗೆ ಬಂದ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ಕೃಷಿ ವಿಶ್ವವಿದ್ಯಾನಿಲಯದವರ ಶಿಫಾರಸು. ಎಕರೆಗೆ 2,400 ಕಿಲೋ ಆಯಿತು. ಇದನ್ನು ಕೊಂಡು ತಂದು, ಹೊತ್ತು, ಪಾತಿ ಮಾಡಿ ಹಾಕಿದ ಗುತ್ತಿಗೆದಾರನಿಗೆ ಅದರ ಪೂರ್ತಿ ಫಲ ಕಾಣುವುದು ನಾಲ್ಕನೆಯ ವರ್ಷಕ್ಕೆ. ಮುಂದಿನ ಯುಗಾದಿಗೆ ತೋಟ ತನ್ನ ಕೈಯಲ್ಲಿರುತ್ತದೆಯೋ ಇಲ್ಲವೋ ತಿಳಿಯದವನು ನಾಲ್ಕನೆಯ ವರ್ಷದ ಕಾಯಿಗಾಗಿ ಈಗ ಖರ್ಚು ಮಾಡಲಿ ಎಂದು ಹೇಳುವುದು ಹೇಗೆ? ಅವನು ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಕರಾರೇ ಅವನಿಗೆ ಗೊಬ್ಬರ ಹಾಕಬೇಡ ಎನ್ನುತ್ತಿದೆ. ಯಜಮಾನರಾದರೋ ‘ತೋಟ ತಿಂದು ಬಿಟ್ಟ’ ಎಂದು ದೂರುತ್ತಾರೆ. ಇಬ್ಬರ ನಡುವೆ ಸೊರಗುವುದು ಮರ.

ಹಾಗಾದರೆ ನಾಲ್ಕೈದು ವರ್ಷಕ್ಕೆ ಕಾಗದದ ಮೇಲೆ ಬರೆದು ಕೊಡಬಾರದೇ ಎಂದು ಯಾರಾದರೂ ಕೇಳಬಹುದು. ಬರೆಯದೆ ಇರುವುದಕ್ಕೆ ಕಾರಣವಿದೆ, ಆ ಕಾರಣಕ್ಕೆ ಚರಿತ್ರೆಯಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹ ನಿಮಗೆ ತಿಳಿದದ್ದೇ. ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಮೊದಲಾದ ಆ ಚಳವಳಿ ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ನಾಡಿನ ಮುಂದಿಟ್ಟಿತು. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದರೂ ಅದರಲ್ಲಿ ತೂತುಗಳು ಬಹಳ ಇದ್ದವು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ ಗೇಣಿಯ ಜಮೀನುಗಳೆಲ್ಲ ಸರ್ಕಾರದಲ್ಲಿ ಸೇರಿದವು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ನಿಂತು ಒಡೆತನ ಪಡೆದರು. ಎಷ್ಟೋ ಮನೆಗಳ ಮಕ್ಕಳು ಓದಿದ್ದು ಆ ಜಮೀನಿನಿಂದ. ಅದನ್ನು ಕಡಿಮೆಯಾಗಿ ಕಾಣುವ ಹಾಗಿಲ್ಲ.

ಆ ಕಾಯಿದೆ ಇನ್ನೊಂದು ಕೆಲಸವನ್ನೂ ಮಾಡಿತು. ಮುಂದಕ್ಕೆ ಯಾರೂ ಕೃಷಿ ಜಮೀನನ್ನು ಗೇಣಿಗೆ ಕೊಡಬಾರದು ಎಂದಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ. ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸುಗಳನ್ನು ತೋಟದ ಬೆಳೆಗಳೆಂದು ಬೇರೆಯಾಗಿ ಇಟ್ಟ ಕಾಯಿದೆ ಆ ಪಟ್ಟಿಯಲ್ಲಿ ತೆಂಗನ್ನು ಸೇರಿಸಲಿಲ್ಲ. ಆದ್ದರಿಂದ ರಾಗಿ ಹೊಲಕ್ಕೆ ಯಾವ ನಿಯಮವೋ ತೆಂಗಿನ ತೋಟಕ್ಕೂ ಅದೇ ನಿಯಮ. ಗೇಣಿ ನಿಂತುಹೋಯಿತೇ ಎಂದರೆ, ನಿಲ್ಲಲಿಲ್ಲ. ಅದು ಕಾಗದದಿಂದ ಬಾಯಿಗೆ ಬಂತು. 1974ರಲ್ಲಿ ಜಮೀನು ಕಳೆದುಕೊಂಡವರ ನೆನಪು ಯಜಮಾನರ ಮನಸ್ಸಿನಲ್ಲಿ ಇನ್ನೂ ಇದೆ. ನಾಲ್ಕು ವರ್ಷ ಒಬ್ಬನ ಕೈಯಲ್ಲೇ ಬಿಟ್ಟರೆ ತೋಟ ಅವನದೇ ಆಗಿಬಿಡುತ್ತದೆ ಎಂಬ ಭಯ. ವಾಸ್ತವವಾಗಿ ನಮೂನೆ 7ರ ಹಕ್ಕು ಸಿಕ್ಕಿದ್ದು 1974ರ ಮಾರ್ಚ್ 1ಕ್ಕೆ ಮೊದಲು ಗೇಣಿಯಲ್ಲಿದ್ದ ಜಮೀನಿಗೆ ಮಾತ್ರ. ಆದರೂ ಭಯ ಹೋಗಿಲ್ಲ. ವರ್ಷ ವರ್ಷ ಗುತ್ತಿಗೆದಾರನನ್ನು ಬದಲಾಯಿಸುವುದು ಈ ಭಯಕ್ಕೆ ಕಂಡುಕೊಂಡ ಮದ್ದು.

ಕಾಗದವಿಲ್ಲದಿರುವುದರ ನಷ್ಟ ಯಾರಿಗೆ? ಕೊಬ್ಬರಿಯನ್ನು ಬೆಂಬಲ ಬೆಲೆಗೆ ಮಾರಬೇಕಾದರೆ ಪಹಣಿ ಬೇಕು, ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಎರಡೂ ಯಜಮಾನರ ಹೆಸರಿನಲ್ಲಿರುತ್ತವೆ. ಅಟ್ಟದ ಮೇಲಿನ ಕಾಯಿ ಗುತ್ತಿಗೆದಾರನದು, ಆದರೆ ಖರೀದಿ ಕೇಂದ್ರದ ಲೆಕ್ಕದಲ್ಲಿ ಅವನು ಬೆಳೆಗಾರನೇ ಅಲ್ಲ. ಬರ ಪರಿಹಾರದ ಹಣವೂ ಪಹಣಿಯ ಹಿಂದೆಯೇ ಹೋಗುತ್ತದೆ. ಸೊಸೈಟಿಯ ಬೆಳೆಸಾಲದ ಕಥೆಯೂ ಇದೇ. ಯಜಮಾನರು ಒಳ್ಳೆಯವರಾದರೆ ತಮ್ಮ ಹೆಸರಿನಲ್ಲಿ ಮಾರಿಸಿ ಹಣ ಕೊಡುತ್ತಾರೆ. ಒಬ್ಬರ ಒಳ್ಳೆಯತನದ ಮೇಲೆ ಇನ್ನೊಬ್ಬರ ವರ್ಷದ ಅನ್ನ ನಿಂತಿರಬಾರದು.

ಬೆಲೆಯ ಏರಿಳಿತವೂ ಈ ಕರಾರನ್ನು ಅಲ್ಲಾಡಿಸುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಅದೇ ಕೊಬ್ಬರಿ 2025ರಲ್ಲಿ 20,000 ರೂಪಾಯಿಯನ್ನೂ ದಾಟಿತು. ನಗದು ಗುತ್ತಿಗೆ ಹಿಡಿದವನು ಮೊದಲ ಸಲ ಮುಳುಗಿದ, ಎರಡನೆಯ ಸಲ ಯಜಮಾನರು ಕೈಹಿಸುಕಿಕೊಂಡರು. ಧಾರಣೆ ಏರುವುದಕ್ಕೆ ಒಂದು ಕಾರಣ ಕಾಯಿ ಕಡಿಮೆಯಾದದ್ದು. ಕಾಯಿ ಕಡಿಮೆಯಾಗುವುದಕ್ಕೆ ಒಂದು ಕಾರಣ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸುಟ್ಟ 2023ರ ಬರ. ಆಗ ಬಾಡಿದ ಮರ ಅದನ್ನು ಎರಡು ವರ್ಷವಾದ ಮೇಲೂ ಹೇಳುತ್ತಿತ್ತು. ಆ ಬರದಲ್ಲಿ ಟ್ಯಾಂಕರಿನ ನೀರು ಹಾಕಿ ಮರ ಉಳಿಸಿದವನ ಕೈಯಲ್ಲಿ 2025ರಲ್ಲಿ ತೋಟ ಇತ್ತೇ? ಈ ಒಂದು ಪ್ರಶ್ನೆಯಲ್ಲಿ ನಾನು ಹೇಳಬೇಕಾದದ್ದೆಲ್ಲ ಇದೆ.

ಬೇರೆಯವರ ನೆಲದಲ್ಲಿ ಗಿಡ ಮರ ಬೆಳೆಸುವವರಿಗೆ ಕಟ್ಟಳೆ ಮಾಡುವುದು ಸಾಧ್ಯವೇ ಎಂದು ಅನುಮಾನ ಪಡುವವರಿಗಾಗಿ ಹೊರದೇಶದ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಇಂಗ್ಲೆಂಡಿನಲ್ಲಿ ಊರಾಡಳಿತದವರು ಬಡವರಿಗೆ, ಕೂಲಿಕಾರರಿಗೆ ಸಣ್ಣ ಸಣ್ಣ ತುಂಡು ನೆಲವನ್ನು ಬಾಡಿಗೆಗೆ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. 1908ರ ಕಾಯಿದೆ ಜನ ಕೇಳಿದರೆ ಅಂಥ ನೆಲ ಒದಗಿಸುವುದು ಊರಾಡಳಿತದ ಕರ್ತವ್ಯ ಎಂದಿತು. ಒಂದು ತುಂಡು ಎಂದರೆ ವಾಡಿಕೆಯಲ್ಲಿ 250 ಚದರ ಮೀಟರ್, ನಮ್ಮ ಆರು ಗುಂಟೆಗೂ ಹೆಚ್ಚಿಲ್ಲ. ಎರಡೂವರೆ ಗುಂಟೆ ಅಷ್ಟೆ. ಇಷ್ಟು ಚಿಕ್ಕ ನೆಲಕ್ಕೂ ಕಟ್ಟುನಿಟ್ಟಿನ ನಿಯಮವಿದೆ. ಬಿಡಿಸಬೇಕಾದರೆ ಹನ್ನೆರಡು ತಿಂಗಳು ಮೊದಲೇ ನೋಟಿಸು ಕೊಡಬೇಕು. ಆ ನೋಟಿಸಿನ ಅವಧಿ ಏಪ್ರಿಲ್ 6ರೊಳಗೆ ಇಲ್ಲವೇ ಸೆಪ್ಟೆಂಬರ್ 29ರ ಮೇಲೆ ಮುಗಿಯಬೇಕು. ಅಂದರೆ ಬೆಳೆ ನೆಲದಲ್ಲಿರುವಾಗ ಎಬ್ಬಿಸುವಂತಿಲ್ಲ. ವಿಶೇಷ ಕಾರಣಕ್ಕೆ ನಡುವೆ ಬಿಡಿಸಿದರೆ ಬೆಳೆಗೆ ಮಾತ್ರವಲ್ಲ, ಹಾಕಿದ ಗೊಬ್ಬರಕ್ಕೂ ಪರಿಹಾರ ಕೊಡಬೇಕೆಂದು 1922ರ ಕಾಯಿದೆ ಹೇಳಿತು.

ಜರ್ಮನಿಯಲ್ಲಿ 1983ರಲ್ಲಿ ಇಂಥ ಸಣ್ಣ ತೋಟಗಳಿಗೆಂದೇ ಒಂದು ಕಾಯಿದೆ ಮಾಡಿದರು. ಒಂದು ತೋಟ 400 ಚದರ ಮೀಟರನ್ನು ಮೀರಬಾರದು, ಬಾಡಿಗೆಗೆ ಮೇಲ್ಮಿತಿ ಉಂಟು, ಒಡೆಯನೇ ಕಾರಣವಾಗಿ ತೋಟ ಬಿಡಿಸಿದರೆ ನೆಟ್ಟ ಗಿಡಮರಗಳ ಬೆಲೆ ಕಟ್ಟಿಕೊಡಬೇಕು. ಅಲ್ಲಿ ತೋಟಗಾರರ ಸಂಘಗಳು ಹಾದಿ, ಬೇಲಿ, ನೀರಿನ ಕೊಳವೆಗಳ ರಿಪೇರಿಗೆ ಸದಸ್ಯರೆಲ್ಲ ವರ್ಷಕ್ಕೆ ಇಷ್ಟು ಗಂಟೆ ಬಂದು ದುಡಿಯಬೇಕೆಂದು ಕಟ್ಟು ಮಾಡುತ್ತವೆ. ಬೇಸಿಗೆಯಲ್ಲಿ ಎಲ್ಲರೂ ಸೇರಿ ಹಬ್ಬ ಮಾಡುತ್ತಾರೆ. ಅವರದು ತರಕಾರಿ, ಹೂವಿನ ಹವ್ಯಾಸದ ತೋಟ, ನಮ್ಮದು ಜೀವನೋಪಾಯ ಎಂಬ ವ್ಯತ್ಯಾಸವಿದೆ. ಹವ್ಯಾಸಕ್ಕೇ ಇಷ್ಟು ಕಟ್ಟಳೆ ಇರುವಾಗ ಅನ್ನಕ್ಕೆ ಬೇಡವೇ?

ಕೂಡಿ ದುಡಿಯುವುದನ್ನು ನಾವು ಜರ್ಮನರಿಂದ ಕಲಿಯಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಗೋಡು ಮಣ್ಣನ್ನು ತೋಟಕ್ಕೆ ಹೊಡೆಯುತ್ತಿದ್ದದ್ದು, ನೀರುಗಂಟಿ ಸರದಿಯ ಪ್ರಕಾರ ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದದ್ದು, ಯುಗಾದಿಯ ಹೊತ್ತಿಗೆ ಹೊನ್ನಾರು ಹೂಡುವುದು, ಊರ ಅಮ್ಮನ ಜಾತ್ರೆಗೆ ಮನೆಗಿಷ್ಟು ಎಂದು ವರಿ ಎತ್ತುವುದು, ಇವೆಲ್ಲ ಇಂಥವೇ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೋಟದ ಯಜಮಾನರು ಊರಿನಲ್ಲಿಲ್ಲದಿರುವಾಗ ಈ ಕೆಲಸಗಳಿಗೆ ಹೆಗಲು ಕೊಡುವವರು ಗುತ್ತಿಗೆಯ ಮನೆಯವರೇ. ವರಿ ಕೊಡುವಾಗ ಅವರು ಊರಿನವರು, ಪಹಣಿ ತೆಗೆದಾಗ ಮಾತ್ರ ಯಾರೂ ಅಲ್ಲ.

ಬರೆದ ಷರತ್ತೂ ನಮಗೆ ಹೊಸದಲ್ಲ. ಮುಜರಾಯಿ ದೇವಸ್ಥಾನದ ತೆಂಗಿನ ಮರಗಳ ಫಸಲನ್ನು ಹರಾಜು ಹಾಕುವಾಗ ಏನು ನಡೆಯುತ್ತದೆ? ಪ್ರಕಟಣೆ ಹೊರಡುತ್ತದೆ, ಠೇವಣಿ ಕಟ್ಟಬೇಕು, ಅವಧಿ ಇಂತಿಷ್ಟು ಎಂದು ಬರೆದಿರುತ್ತದೆ, ಜನರ ಎದುರಿನಲ್ಲಿ ಕೂಗು ನಡೆಯುತ್ತದೆ. ದೇವರ ಮರಕ್ಕೆ ಇರುವ ಕಾಗದ ಮನುಷ್ಯರ ಮರಕ್ಕೆ ಇಲ್ಲವಾಗಿದೆ.

ಕಾನೂನು ಬದಲಾಗಬೇಕೆಂಬ ಮಾತು ದೆಹಲಿಯಲ್ಲೂ ಎದ್ದಿತ್ತು. 2016ರಲ್ಲಿ ನೀತಿ ಆಯೋಗದ ತಜ್ಞರ ಸಮಿತಿ ಒಂದು ಮಾದರಿ ಕಾಯಿದೆಯನ್ನು ರಾಜ್ಯಗಳ ಮುಂದಿಟ್ಟಿತು. ಒಡೆತನ ಯಜಮಾನರದೇ ಎಂಬ ಭದ್ರತೆ, ಗೇಣಿದಾರನಿಗೆ ಸಾಲ, ವಿಮೆ, ಪರಿಹಾರ ಸಿಗುವ ದಾರಿ, ಎರಡನ್ನೂ ಒಟ್ಟಿಗೆ ಸಾಧಿಸುವುದು ಅದರ ಉದ್ದೇಶ. ಇದನ್ನು ಒಪ್ಪುವಾಗ ಎಚ್ಚರವೂ ಬೇಕು. ಗೇಣಿಯ ಬಾಗಿಲು ತೆರೆದರೆ ಸಣ್ಣ ಗುತ್ತಿಗೆದಾರನ ಜಾಗಕ್ಕೆ ದೊಡ್ಡ ಕಂಪನಿ ಬಂದು ಕೂರಬಹುದು ಎಂಬ ಆತಂಕದಲ್ಲಿ ಹುರುಳಿದೆ. ತೆಂಗಿಗಷ್ಟೇ, ಊರಲ್ಲಿ ವಾಸವಿರುವ ಸಣ್ಣ ಹಿಡುವಳಿಯವರಿಗಷ್ಟೇ ಎಂದು ಮಿತಿ ಹಾಕಿ ಕೇಳುವುದು ಜಾಣತನ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನೆಲವನ್ನು ಗೇಣಿಗೆ ಕೊಡುವುದು ಬೇರೆ, ಮರದ ಫಸಲನ್ನು ಮಾರುವುದು ಮತ್ತು ತೋಟ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡುವುದು ಬೇರೆ. ಎರಡನೆಯದನ್ನು ಬರೆದಿಟ್ಟುಕೊಳ್ಳಬಹುದು. ಕಾನೂನು ಬಲ್ಲವರಿಗೆ ಒಮ್ಮೆ ತೋರಿಸಿ ಬರೆಸಿ. ಅದರಲ್ಲಿ ಈ ಅಂಶಗಳು ಇರಲಿ. ಅವಧಿ ನಾಲ್ಕು ವರ್ಷಕ್ಕೆ ಕಡಿಮೆಯಾಗದಿರಲಿ. ಗೊಬ್ಬರ ಯಾರು, ಎಷ್ಟು ಹಾಕಬೇಕು ಎಂಬುದು ಸ್ಪಷ್ಟವಾಗಿರಲಿ. ಗರಿ, ಸಿಪ್ಪೆ, ಚಿಪ್ಪು ಯಾರಿಗೆ ಎಂದು ಹೇಳಿರಲಿ. ಚಿಪ್ಪಿಗೂ ಈಗ ಬೆಲೆಯಿದೆ, ಜಗಳವೂ ಇದೆ. ಹಣವನ್ನು ಒಂದೇ ಮೊತ್ತವಾಗಿ ಕಟ್ಟುವ ಬದಲು ಧಾರಣೆಯ ಜೊತೆ ಏರಿಳಿಯುವಂತೆ, ಇಷ್ಟು ಕಾಯಿಯ ಬೆಲೆ ಎಂದು ಗೊತ್ತು ಮಾಡಿ. ಬರ ಬಿದ್ದರೆ, ನುಸಿಯೋ ಕಪ್ಪು ತಲೆ ಹುಳುವೋ ಬಂದರೆ ನಷ್ಟ ಹಂಚಿಕೊಳ್ಳುವುದು ಹೇಗೆ, ಪರಿಹಾರ ಬಂದರೆ ಅದರಲ್ಲಿ ಪಾಲೆಷ್ಟು ಎಂಬುದೂ ಬೇಕು. ಕೊನೆಯದಾಗಿ, ಅವಧಿಗೆ ಮುಂಚೆ ತೋಟ ಬಿಡಿಸಿದರೆ ಹಿಂದಿನ ಮೂರು ವರ್ಷ ಹಾಕಿದ ಗೊಬ್ಬರದ ಖರ್ಚನ್ನು ಲೆಕ್ಕ ಹಾಕಿ ಕೊಡಬೇಕೆಂದು ಬರೆಯಿರಿ.

ಇದಕ್ಕೆ ಯುಗಾದಿ ಒಳ್ಳೆಯ ದಿನ. ಊರಿನ ಹಿರಿಯರ ಎದುರಿನಲ್ಲಿ, ಹರಾಜಿನ ಹಾಗೆ ನಾಲ್ಕು ಜನಕ್ಕೆ ಕೇಳುವಂತೆ ಓದಿ, ಇಬ್ಬರೂ ರುಜು ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ ಸಾಕು. ಯಜಮಾನರಿಗೆ ತೋಟ ಉಳಿಯುತ್ತದೆ, ದುಡಿದವನಿಗೆ ತಾನು ಹಾಕಿದ ಗೊಬ್ಬರದ ಕಾಯಿ ಸಿಗುತ್ತದೆ. ಅರವತ್ತು ಎಪ್ಪತ್ತು ವರ್ಷ ಬದುಕುವ ಮರಕ್ಕೆ ನಾಲ್ಕು ವರ್ಷದ ನಂಬಿಕೆಯನ್ನಾದರೂ ನಾವು ಕೊಡಬೇಕು.