ಪ್ರಕಟನೆ, ಸೃಷ್ಟಿ, ಸೂಚಕಕಾರ್ಯ



ಹೈದರಾಬಾದಿನ ಗೋಡೆಗಳನ್ನು ಓದುವ ಅಭ್ಯಾಸ ನಿಮಗಿದ್ದರೆ ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆಂದು ಸಾರುವ ಸಭೆಗಳ ತೆಲುಗು ಪೋಸ್ಟರುಗಳು ಕಣ್ಣಿಗೆ ಬಿದ್ದೇ ಇರುತ್ತವೆ. ಅಂಥದ್ದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದವರೂ ಇದ್ದಾರೆ, ಇದೆಲ್ಲ ಬರೀ ಮೋಸವೆಂದು ಕ್ರೈಸ್ತ ಧರ್ಮವನ್ನೇ ಪಕ್ಕಕ್ಕಿಟ್ಟವರೂ ಇದ್ದಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ. ಆ ಧರ್ಮದ ಪಂಡಿತರು ಇಷ್ಟು ಶತಮಾನ ಕುಳಿತು ಯೋಚಿಸಿ ಪವಾಡದ ಬಗ್ಗೆ ಹೇಳಿರುವುದಾದರೂ ಏನು?

ಪವಾಡವೊಂದನ್ನೇ ಬಿಡಿಯಾಗಿ ಹಿಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕ್ರೈಸ್ತ ದೈವಶಾಸ್ತ್ರದಲ್ಲಿ ಅದು ಮೂರನೆಯ ಮಾತು. ಅದಕ್ಕಿಂತ ಮೊದಲು ಪ್ರಕಟನೆ, ಆಮೇಲೆ ಸೃಷ್ಟಿ. ಈ ಎರಡನ್ನು ಅರ್ಥಮಾಡಿಕೊಳ್ಳಲು ನಾವು ನಗರ ಬಿಟ್ಟು ಹೋಗಬೇಕಾಗಿಲ್ಲ. ಬೇಗಂಪೇಟೆಯ ತನಕ ಹೋದರೆ ಸಾಕು.

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಹತ್ತಿರ ಒಂದು ಕಟ್ಟಡವಿದೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಸೊಳ್ಳೆಯೊಂದರ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದರ ನೆನಪಿಗೆ ಉಳಿದಿರುವ ಕಟ್ಟಡ ಅದು. 1902ರಲ್ಲಿ ಆತನಿಗೆ ನೊಬೆಲ್ ಬಂತು. ಕಂಡ ಸಂಭ್ರಮದಲ್ಲಿ ರಾಸ್ ಒಂದು ಪದ್ಯ ಬರೆದ. ದೇವರು ಮನಸ್ಸು ಕರಗಿ ಈ ಗುಟ್ಟನ್ನು ತನ್ನ ಕೈಯಲ್ಲಿಟ್ಟ ಎಂಬುದು ಅದರ ಭಾವ. ಹಾಗಾದರೆ ಇದು ದೈವಪ್ರಕಟನೆಯೇ?

ಅಲ್ಲ ಎನ್ನುತ್ತದೆ ದೈವಶಾಸ್ತ್ರ. ಭಕ್ತಿಯಿಂದ ಹಾಗೆ ಹೇಳಿಕೊಂಡರೆ ಅಡ್ಡಿಯಿಲ್ಲ, ಆದರೆ ಸೊಳ್ಳೆಯ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ದೇವರು ಇಳಿದು ಬಂದು ಹೇಳಬೇಕಾಗಿಲ್ಲ. ಅದಕ್ಕೆ ಸೂಕ್ಷ್ಮದರ್ಶಕವಿದೆ, ಬುದ್ಧಿಯಿದೆ. ಒಂದು ಕಡಿತಕ್ಕೆ ಒಂದು ಆಣೆಯಂತೆ ಪಡೆದು ಸೊಳ್ಳೆಗಳಿಗೆ ಮೈಯೊಡ್ಡಿದ ಹುಸೇನ್ ಖಾನ್ ಎಂಬ ರೋಗಿಯೂ ಇದ್ದ. ಆತನ ಹೆಸರಿಗೆ ನೊಬೆಲ್ ಇಲ್ಲ ಎಂಬುದು ಬೇರೆ ಮಾತು.

ಪ್ರಕಟನೆ ಎಂದರೆ ಮರೆಯಲ್ಲಿದ್ದ ಮಾಹಿತಿ ಹೊರಬೀಳುವುದಲ್ಲ, ದೇವರು ತನ್ನನ್ನೇ ತೋರಿಸಿಕೊಳ್ಳುವುದು. ಬೈಬಲಿನ ಕೊನೆಯ ಪುಸ್ತಕಕ್ಕೆ ಕನ್ನಡದಲ್ಲಿ ‘ಪ್ರಕಟನೆ’ ಎಂದೇ ಹೆಸರು. ಮೂಲದ ಗ್ರೀಕ್ ಪದಕ್ಕೆ ಪರದೆ ಸರಿಸುವುದು ಎಂಬ ಅರ್ಥ. 1965ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರಕಟನೆಯ ಮೇಲೆಯೇ ಒಂದು ದಸ್ತಾವೇಜು ಹೊರಡಿಸಿತು. ದೇವರು ಮನುಷ್ಯರೊಡನೆ ಸ್ನೇಹಿತರೊಡನೆ ಮಾತಾಡುವಂತೆ ಮಾತಾಡುತ್ತಾನೆ ಎಂಬುದು ಅದರ ನಿಲುವು.

ನಮ್ಮಲ್ಲಿ ಹಲವರು ಇಲ್ಲಿ ಎಡವುತ್ತಾರೆ. ವೇದ ಅಪೌರುಷೇಯ ಎಂದು ಮೀಮಾಂಸಕರು ಹೇಳುತ್ತಾರೆ, ಅಂದರೆ ಅದಕ್ಕೆ ಕರ್ತೃವೇ ಇಲ್ಲ. ಕುರಾನ್ ಅಕ್ಷರಶಃ ದೇವರ ಮಾತು ಎಂಬುದು ಮುಸ್ಲಿಮರ ನಂಬಿಕೆ. ಬೈಬಲನ್ನೂ ಅದೇ ಸಾಲಿಗೆ ಸೇರಿಸುತ್ತೇವೆ. ಆದರೆ ಬೈಬಲಿನ ಪುಸ್ತಕಗಳನ್ನು ಬರೆದವರು ಮನುಷ್ಯರು ಎಂಬುದನ್ನು ಕ್ರೈಸ್ತರು ಮುಚ್ಚಿಡುವುದಿಲ್ಲ. ದೇವರ ಪ್ರೇರಣೆಯಿಂದ ಬರೆದರು, ಆದರೂ ಅವರವರ ಶೈಲಿಯಲ್ಲಿ ಬರೆದರು. ಲೂಕನ ಸುವಾರ್ತೆಯ ಮೊದಲ ನಾಲ್ಕು ವಚನ ನೋಡಿ. ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆಂದು ಆತ ಹೇಳಿಕೊಳ್ಳುತ್ತಾನೆ, ಒಬ್ಬ ಒಳ್ಳೆಯ ವರದಿಗಾರನ ಹಾಗೆ. ಹಾಗಿದ್ದರೆ ಪ್ರಕಟನೆಯ ನಡುಮಧ್ಯೆ ಇರುವುದು ಯಾವುದು? ಪುಸ್ತಕವಲ್ಲ, ಯೇಸು ಎಂಬ ವ್ಯಕ್ತಿ. ದೇವರ ವಾಕ್ಯ ಮನುಷ್ಯನಾಯಿತು ಎಂಬುದೇ ಯೋಹಾನನ ಸುವಾರ್ತೆಯ ಆರಂಭದ ಮಾತು. ಉಳಿದದ್ದೆಲ್ಲ ಆ ವ್ಯಕ್ತಿಗೆ ಸಾಕ್ಷಿ.

ಇದರಿಂದ ಹೊರಡುವ ಒಂದು ತೀರ್ಮಾನ ನಮ್ಮ ಪೋಸ್ಟರುಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಎಲ್ಲರಿಗಾಗಿ ಆಗಬೇಕಾದ ಪ್ರಕಟನೆ ಯೇಸುವಿನಲ್ಲಿ, ಆತನ ಪ್ರೇಷಿತರ ಕಾಲದಲ್ಲಿ ಪೂರ್ತಿಯಾಯಿತು ಎಂಬುದು ಕಥೋಲಿಕ ಸಭೆಯ ಬೋಧನೆ. ಆಮೇಲೆ ಯಾರಿಗಾದರೂ ದರ್ಶನವಾದರೆ ಅದು ಖಾಸಗಿ. ನಂಬಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ‘ನಿನ್ನೆ ರಾತ್ರಿ ದೇವರು ನನಗೆ ಹೇಳಿದ, ನೀನು ಹೀಗೆ ಮಾಡು’ ಎಂದು ಯಾರಾದರೂ ನಿಮಗೆ ಅಪ್ಪಣೆ ಕೊಟ್ಟರೆ, ಅದಕ್ಕೆ ಕ್ರೈಸ್ತ ಶಾಸ್ತ್ರದ ಮುದ್ರೆ ತಾನಾಗಿ ಬೀಳುವುದಿಲ್ಲ.

ಈಗ ಮತ್ತೆ ಬೇಗಂಪೇಟೆಗೆ ಬನ್ನಿ. ನಿಜಾಮಿಯಾ ವೀಕ್ಷಣಾಲಯ ಇದ್ದದ್ದೂ ಅಲ್ಲೇ. ನವಾಬ್ ಜಫರ್ ಜಂಗ್ 1901ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿದ ಈ ವೀಕ್ಷಣಾಲಯ 1908ರಲ್ಲಿ ನಿಜಾಮ್ ಸರ್ಕಾರಕ್ಕೆ ಸೇರಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿ ಮಾಡೋಣವೆಂದು 1887ರಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶದವರು ಸೇರಿ ತೀರ್ಮಾನಿಸಿದ್ದರು. ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡರು. ದಕ್ಷಿಣದ ಒಂದು ಪಟ್ಟಿ ಹೈದರಾಬಾದಿಗೆ ಬಂತು, ಉತ್ತರದ ಒಂದು ಪಟ್ಟಿ ಪೋಪರ ವ್ಯಾಟಿಕನ್ ವೀಕ್ಷಣಾಲಯಕ್ಕೆ. ಅಲ್ಲಿ ನಾಲ್ವರು ಕ್ರೈಸ್ತ ಸಂನ್ಯಾಸಿನಿಯರು 1910ರಿಂದ 1921ರವರೆಗೆ ಗಾಜಿನ ಫಲಕಗಳ ಮುಂದೆ ಕುಳಿತು 4,81,215 ನಕ್ಷತ್ರಗಳ ಸ್ಥಾನ ಅಳೆದರು. ಇಲ್ಲಿ ಹೈದರಾಬಾದಿನವರು ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆದರು. ಮುಸ್ಲಿಮ್ ದೊರೆಯ ನೌಕರರೂ ಪೋಪರ ಸಂನ್ಯಾಸಿನಿಯರೂ ಒಂದೇ ಪಟ್ಟಿಗೆ ಅಂಕಿ ತುಂಬಿದ ಈ ಕಥೆ ನಮ್ಮ ಊರಿನಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

ದೇವರು ಆರು ದಿನದಲ್ಲಿ ಲೋಕ ಮಾಡಿದನೆಂದು ಓದುವ ಸಂನ್ಯಾಸಿನಿಯರಿಗೆ ಈ ಕೆಲಸದಲ್ಲಿ ಅಡ್ಡಿ ಕಾಣಲಿಲ್ಲವೇ? ಕಾಣಬೇಕಾಗಿರಲಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಿಡ, ಪ್ರಾಣಿ ಆದಮೇಲೆ ಮನುಷ್ಯ. ಎರಡನೆಯ ಅಧ್ಯಾಯದ ಕಥೆಯಲ್ಲಿ ಮನುಷ್ಯನೇ ಮೊದಲು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟವರಿಗೆ ಈ ವ್ಯತ್ಯಾಸ ಕಾಣದೆ ಇರಲಿಲ್ಲ. ಐದನೆಯ ಶತಮಾನದಲ್ಲೇ ಅಗಸ್ಟೀನ್, ಆ ದಿನಗಳನ್ನು ನಮ್ಮ ಗಡಿಯಾರದ ದಿನಗಳೆಂದು ತಿಳಿಯಬೇಡಿ ಎಂದಿದ್ದ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋದ. ಲೋಕಕ್ಕೆ ಆರಂಭವಿತ್ತೆಂದು ತರ್ಕದಿಂದ ಸಾಧಿಸಲು ಬರುವುದಿಲ್ಲ, ಅದು ನಂಬಿಕೆಯಿಂದ ಬರುವ ಮಾತು ಎಂದ. ಲೋಕ ಅನಾದಿಯಾಗಿದ್ದರೂ ಅದು ದೇವರನ್ನು ಆಶ್ರಯಿಸಿಯೇ ಇರಬೇಕು ಎಂಬುದು ಅವನ ವಾದ. ಅಂದರೆ ಸೃಷ್ಟಿ ಎನ್ನುವುದು ಒಂದು ತಾರೀಖಲ್ಲ, ಒಂದು ಆಶ್ರಯ. ಈ ಕ್ಷಣದಲ್ಲೂ ಇದೆಲ್ಲ ಇರುವುದು ಅವನು ಇರಿಸಿರುವುದರಿಂದ.

ಕನ್ನಡಿಗರಾದ ನಮಗೆ ಇದು ತೀರಾ ಹೊಸತಲ್ಲ. ಉಡುಪಿಯ ಮಧ್ವಾಚಾರ್ಯರು ಸ್ವತಂತ್ರ, ಪರತಂತ್ರ ಎಂದು ಎರಡೇ ತತ್ತ್ವ ಹೇಳಿದರಷ್ಟೆ? ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ. ಇಷ್ಟರ ಮಟ್ಟಿಗೆ ಅಕ್ವಿನಾಸ್ ತಲೆದೂಗುತ್ತಿದ್ದ. ಆದರೆ ಮಧ್ವಮತದಲ್ಲಿ ಪ್ರಕೃತಿ ಅನಾದಿ. ಕುಂಬಾರನಿಗೆ ಮಣ್ಣಿದ್ದ ಹಾಗೆ ದೇವರಿಗೆ ಪ್ರಕೃತಿ, ಅವನ ಅಧೀನದಲ್ಲಿಯೇ ಆದರೂ, ಯಾವಾಗಲೂ ಇದೆ. ವಿಶಿಷ್ಟಾದ್ವೈತದಲ್ಲಿ ಬ್ರಹ್ಮವೇ ಮಡಕೆಗೆ ಮಣ್ಣೂ ಹೌದು, ಕುಂಬಾರನೂ ಹೌದು. ಕ್ರೈಸ್ತರು ಈ ಎರಡನ್ನೂ ಒಪ್ಪುವುದಿಲ್ಲ. ಮಣ್ಣೂ ಇರಲಿಲ್ಲ, ದೇವರೇ ಮಣ್ಣಾಗಲೂ ಇಲ್ಲ. ಶೂನ್ಯದಿಂದ ಸೃಷ್ಟಿ ಎನ್ನುತ್ತಾರೆ. ಹಾಗಾಗಿ ಅವರಿಗೆ ಲೋಕ ದೇವರಲ್ಲ, ಮಾಯೆಯೂ ಅಲ್ಲ. ಅದು ದೇವರು ಕೊಟ್ಟ ನಿಜವಾದ ವಸ್ತು, ಅದಕ್ಕೆ ಅದರದೇ ನಡೆ ಉಂಟು. ಆ ನಡೆಯನ್ನು ಅಳೆಯುವುದರಲ್ಲಿ ತಪ್ಪೇನಿದೆ?

ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲೆಮೈತ್ರ್ ಅಳೆದದ್ದು ಹೀಗೆಯೇ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿ ಅಣುವಿನಿಂದ ಹೊರಟಿರಬೇಕು ಎಂದು 1931ರಲ್ಲಿ ಬರೆದ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಇದು ಸೃಷ್ಟಿಗೆ ಸಾಕ್ಷಿ ಎನ್ನುವ ಧಾಟಿಯಲ್ಲಿ ಮಾತಾಡಿದಾಗ ಖುಷಿಪಡಬೇಕಾದ ಪಾದ್ರಿಯೇ ಮುಜುಗರಪಟ್ಟ. ನನ್ನ ಲೆಕ್ಕವನ್ನು ದೇವರ ಸಾಕ್ಷಿಗೆ ಕರೆಯಬೇಡಿ ಎಂಬುದು ಅವನ ನಿಲುವು. ದೊಡ್ಡ ಮನುಷ್ಯ.

ಇನ್ನು ಪವಾಡ. ಕನ್ನಡ ಬೈಬಲನ್ನು ಕಟ್ಟಿದವರ ಜಾಣತನ ಇಲ್ಲಿ ಕಾಣುತ್ತದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು, ಮುಂದೆ ಹಲವು ಸಲ ಪರಿಷ್ಕಾರವಾಯಿತು. ಇಂದು ಚರ್ಚುಗಳಲ್ಲಿ ಓದುವ ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಯೇಸು ಮಾಡುವುದಕ್ಕೆ ‘ಸೂಚಕಕಾರ್ಯ’ ಎಂಬ ಪದವಿದೆ. ಸೂಚಿಸುವ ಕೆಲಸ, ತೋರುಬೆರಳು. ತೋರುಬೆರಳನ್ನೇ ನೋಡುತ್ತ ನಿಂತರೆ ಅದು ತೋರಿಸಿದ ಕಡೆ ನೋಟ ಹೋಗುವುದಿಲ್ಲ.

ಮೊದಲ ಸೂಚಕಕಾರ್ಯ ಕಾನಾ ಊರಿನ ಮದುವೆಮನೆಯಲ್ಲಿ, ನೀರು ದ್ರಾಕ್ಷಾರಸವಾದದ್ದು. ಅಗಸ್ಟೀನ್ ಇದನ್ನು ವಿವರಿಸುತ್ತ, ಮೋಡದಿಂದ ಬಿದ್ದ ನೀರು ವರ್ಷ ವರ್ಷವೂ ಬಳ್ಳಿಯಲ್ಲಿ ದ್ರಾಕ್ಷಾರಸವಾಗುವುದನ್ನು ನಾವು ಗಮನಿಸುವುದಿಲ್ಲ, ಅಂದು ಆರು ಬಾನೆಗಳಲ್ಲಿ ಆದದ್ದಕ್ಕೆ ಮಾತ್ರ ಬೆರಗಾಗುತ್ತೇವೆ ಎನ್ನುತ್ತಾನೆ. ಅನಾಬ್-ಎ-ಶಾಹಿ ದ್ರಾಕ್ಷಿಗೆ ಹೆಸರಾದ ಊರಿನವರಾದ ನಮಗೆ ಈ ಮಾತು ಬೇಗ ತಲುಪಬೇಕು. ಪವಾಡ ಪ್ರಕೃತಿಗೆ ವಿರುದ್ಧವಲ್ಲ, ಪ್ರಕೃತಿಯ ಬಗ್ಗೆ ನಮಗೆ ತಿಳಿದಿರುವುದಕ್ಕೆ ವಿರುದ್ಧ ಅಷ್ಟೆ ಎಂದೂ ಆತ ಹೇಳಿದ್ದಾನೆ.

ಯೇಸು ಪವಾಡಗಳ ಪ್ರದರ್ಶನಕ್ಕೆ ಒಪ್ಪಿದವನಲ್ಲ. ದೇವಾಲಯದ ತುದಿಯಿಂದ ಧುಮುಕಿ ತೋರಿಸು ಎಂದು ಸೈತಾನ ಕೇಳಿದಾಗ ಒಲ್ಲೆನೆಂದ. ಫರಿಸಾಯರು ಆಕಾಶದಿಂದ ಸೂಚನೆ ಬೇಕೆಂದಾಗ ನಿಟ್ಟುಸಿರಿಟ್ಟು ಎದ್ದು ಹೋದ. ಕುಷ್ಠ ವಾಸಿಯಾದವನಿಗೆ ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು ಎಂದ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಕುಷ್ಠ ಹೋಗಿದೆಯೇ ಎಂದು ಪರೀಕ್ಷಿಸಿ, ಆತನನ್ನು ಮತ್ತೆ ಊರೊಳಗೆ ಸೇರಿಸಿಕೊಳ್ಳುವ ಅಧಿಕಾರ ಯಾಜಕನದು. ಪೋಸ್ಟರ್ ಅಂಟಿಸು ಎನ್ನಲಿಲ್ಲ, ತಪಾಸಣೆಗೆ ಹೋಗು ಎಂದ.

ಆ ತಪಾಸಣೆಯ ಬುದ್ಧಿ ಸಭೆಯಲ್ಲಿ ಪೂರ್ತಿ ಮರೆಯಾಗಿಲ್ಲ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ರೋಗ ವಾಸಿಯಾಯಿತೆಂದು ಏಳು ಸಾವಿರಕ್ಕೂ ಹೆಚ್ಚು ಜನ ದಾಖಲಿಸಿದ್ದಾರೆ. ವೈದ್ಯರ ಪರೀಕ್ಷೆ ದಾಟಿ ಸಭೆ ಪವಾಡವೆಂದು ಒಪ್ಪಿರುವುದು ಎಪ್ಪತ್ತಕ್ಕಿಂತ ತುಸು ಹೆಚ್ಚು, ಅದೂ ಒಂದೂವರೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊಸ ನಿಯಮ ತಂದಿತು. ದರ್ಶನ, ಕಣ್ಣೀರಿಡುವ ವಿಗ್ರಹ ಇಂಥವುಗಳ ಬಗ್ಗೆ ಬಿಷಪ್ಪರು ಇನ್ನು ಮೇಲೆ ಸಾಮಾನ್ಯವಾಗಿ ‘ಇದು ಅಲೌಕಿಕ’ ಎಂದು ಘೋಷಿಸುವಂತಿಲ್ಲ. ಹೆಚ್ಚೆಂದರೆ, ಭಕ್ತಿಗೆ ಅಡ್ಡಿಯಿಲ್ಲ ಎನ್ನಬಹುದು.

ಮಾತು ಒಂದು, ನಡತೆ ಒಂದು ಆಗುವುದೂ ಉಂಟು. 2012ರಲ್ಲಿ ಮುಂಬಯಿಯ ಒಂದು ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿದಾಗ, ಅದು ಹತ್ತಿರದ ಕೊಳಚೆಯ ನೀರು ಗೋಡೆಯಲ್ಲಿ ಏರಿ ಬಂದದ್ದು ಎಂದು ವಿಚಾರವಾದಿ ಸನಲ್ ಎಡಮರುಕು ತೋರಿಸಿದರು. ಅವರ ಮೇಲೆ ಪೊಲೀಸ್ ದೂರುಗಳು ಬಿದ್ದವು, ಅವರು ದೇಶ ಬಿಟ್ಟು ಫಿನ್‌ಲೆಂಡಿಗೆ ಹೋದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ಎದ್ದ ಗದ್ದಲ ಹಿರಿಯರಿಗೆ ನೆನಪಿರಬಹುದು. ಭಕ್ತರ ಕೋಪ ಎಲ್ಲ ಧರ್ಮದಲ್ಲೂ ಒಂದೇ ಬಣ್ಣ. ಆದರೆ ಮುಂಬಯಿಯಲ್ಲಿ ದೂರು ಕೊಟ್ಟವರಿಗಿಂತ ನೀರಿನ ಮೂಲ ಹುಡುಕಿದವರೇ ಅಗಸ್ಟೀನನಿಗೆ ಹತ್ತಿರ ಎಂದು ನನಗನ್ನಿಸುತ್ತದೆ.

ಹಾಗೆಂದು ಕ್ರೈಸ್ತರು ಪವಾಡವನ್ನು ಬಿಟ್ಟುಕೊಟ್ಟಿಲ್ಲ, ಬಿಡಲೂ ಆಗದು. ಯೇಸು ಸತ್ತು ಎದ್ದನೆಂಬುದು ಅವರ ನಂಬಿಕೆಯ ಬುನಾದಿ. ಆದರೆ ಅದು ಚಿಕಿತ್ಸೆಯಲ್ಲ. ಲಾಜರನನ್ನು ಯೇಸು ಎಬ್ಬಿಸಿದ, ಲಾಜರ ಮುಂದೆ ಮತ್ತೆ ಸಾಯುವವನೇ. ವಾಸಿಯಾದ ಪ್ರತಿಯೊಬ್ಬನೂ ಒಂದು ದಿನ ಸತ್ತ. ಎಷ್ಟೋ ಜನರನ್ನು ಗುಣಪಡಿಸಿದನೆನ್ನುವ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ. ತಿಮೊಥೆಯನಿಗೆ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ, ನಂಬಿಕೆ ಸಾಲದು ಎಂದು ಬೈಯಲಿಲ್ಲ. ಕಥೋಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯವಂತೂ ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎನ್ನುತ್ತದೆ. ಮಾತ್ರೆ ನಿಲ್ಲಿಸಿ ಎನ್ನುವವರಿಗೆ ಈ ಪುಟಗಳನ್ನು ತೋರಿಸಬಹುದು.

ಇದಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆಯಿದೆ. ನಿಜಾಮಾಬಾದಿನ ಹತ್ತಿರ ಡಿಚ್‌ಪಲ್ಲಿ. ಬೀದರ, ಕಲಬುರಗಿ, ರಾಯಚೂರಿನ ಹಾಗೆ ಅದೂ ಆಗ ನಿಜಾಮರ ರಾಜ್ಯ. ಸ್ಕಾಟ್ಲೆಂಡಿನ ವೈದ್ಯೆ ಇಸಬೆಲ್ ಕೆರ್ ಮತ್ತು ಆಕೆಯ ಗಂಡ, ಪಾದ್ರಿ ಜಾರ್ಜ್ ಕೆರ್, 1915ರಲ್ಲಿ ಅಲ್ಲಿ ಕುಷ್ಠರೋಗದ ಆಸ್ಪತ್ರೆ ಕಟ್ಟಿ ನಿಲ್ಲಿಸಿದರು. ಹಣ ಕೊಟ್ಟವರಲ್ಲಿ ಮುಖ್ಯರು ರಾಜಾ ನರಸಾಗೌಡರು, ಹಿಂದೂಗಳು. ಮುಟ್ಟಿದ ಮಾತ್ರಕ್ಕೆ ಕುಷ್ಠ ಹೋಯಿತೆಂಬ ಕಥೆಯನ್ನು ಕೆರ್ ದಂಪತಿಗಳು ಮನಸಾರೆ ನಂಬಿದವರು. ರೋಗಿಗಳಿಗೆ ಅವರು ಕೊಟ್ಟದ್ದು ಮಾತ್ರ ಚೌಲ್‌ಮೂಗ್ರಾ ಜಾತಿಯ ಬೀಜದ ಎಣ್ಣೆಯ ಇಂಜೆಕ್ಷನ್. ನಮ್ಮ ಪಶ್ಚಿಮ ಘಟ್ಟದಲ್ಲೂ ಆ ಜಾತಿಯ ಮರವಿದೆ. ಚುಚ್ಚಿಸಿಕೊಂಡರೆ ವಿಪರೀತ ನೋವು, ಗುಣ ಕೆಲವರಿಗೆ ಮಾತ್ರ. ಆದರೂ ಊರು ಹೊರಗಟ್ಟಿದವರು ಬಂದರು, ಅವರನ್ನು ಮುಟ್ಟುವ ಕೈಗಳಿದ್ದವು. ಇಸಬೆಲ್ 1932ರಲ್ಲಿ ತೀರಿಕೊಂಡರು. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು, 1980ರ ದಶಕದಲ್ಲಿ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂತು, ಕುಷ್ಠ ಪೂರ್ತಿ ಗುಣವಾಗುವ ರೋಗವಾಯಿತು.

ಆ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂದಿಗೂ ಉಚಿತ. ಮೈಮೇಲೆ ಮುಟ್ಟಿದರೆ ತಿಳಿಯದ, ಬಣ್ಣಗೆಟ್ಟ ಮಚ್ಚೆ ಯಾರಿಗಾದರೂ ಕಂಡರೆ, ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಿಕೊಳ್ಳಬಹುದು.