ಸೆರಾಂಗ್ ಊರಿನ ಅಣ್ಣತಮ್ಮಂದಿರು

(ಕಾರ್ಮಿಕ ವಾಚನಾಲಯದ ತಿಂಗಳ ಸಭೆಯಲ್ಲಿ ಅಣ್ಣ-ತಂಗಿ ಇಬ್ಬರು ಕೂಡಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಕೂಲಿ, ತುಟ್ಟಿಭತ್ಯೆ, ಬೋನಸ್ಸು, ಸಂತೆಯ ಸುಂಕ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾವು ಸಿನೆಮಾ ಕುರಿತು ಮಾತನಾಡುತ್ತೇವೆಂದಾಗ ಕಾರ್ಯದರ್ಶಿಗಳು ಒಮ್ಮೆ ನಮ್ಮ ಮುಖ ನೋಡಿದರು. ಬೋನಸ್ಸಿನ ಮಾತೂ ಬರುತ್ತದೆ ಎಂದ ಮೇಲೆ ಒಪ್ಪಿದರು. ಕೊಟ್ಟ ಮಾತಿನಂತೆ ಅದು ಬರುತ್ತದೆ. ತಾವು ಸ್ವಲ್ಪ ತಾಳಬೇಕು.

ನಾವು ಅಣ್ಣ-ತಂಗಿ. ಅಣ್ಣನದು ಕಿರಾಣಿ ಅಂಗಡಿ. ತಂಗಿ ಹದಿನೆಂಟು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವಳು. ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಇರುವುದು ಒಂದೇ ಚಟ, ಸಿನೆಮಾ. ಒಂದೇ ಜಗಳ, ಯಾವ ಸಿನೆಮಾ ದೊಡ್ಡದು ಎಂಬುದು. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಮಂಡಕ್ಕಿಯ ಪೊಟ್ಟಣ ನಡುವೆ ಇಟ್ಟುಕೊಂಡು ಶುರುವಾದ ಜಗಳ ಅದು. ಅಣ್ಣನಿಗೆ 1972ರ 'ಬಂಗಾರದ ಮನುಷ್ಯ'ಕ್ಕಿಂತ ಮೇಲಾದದ್ದು ಯಾವುದೂ ಇಲ್ಲ. ತಂಗಿ 1975ರ 'ಚೋಮನ ದುಡಿ'ಯ ಪಕ್ಷ. ದಿನವಿಡೀ ದುಡಿದು ಸೋತವನು ಸಿನೆಮಾಕ್ಕೆ ಹೋಗಿಯೂ ಹೊಟ್ಟೆಗಿಲ್ಲದವನನ್ನೇ ನೋಡಬೇಕೆ ಎಂದು ಅಣ್ಣ ಕೇಳುತ್ತಾನೆ. ಹೊಟ್ಟೆ ತುಂಬಿದವನನ್ನು ನೋಡಿ ಬಂದರೆ ಮನೆಯ ಗಡಿಗೆಯಲ್ಲಿ ಹಿಟ್ಟು ತುಂಬುತ್ತದೆಯೆ ಎಂದು ತಂಗಿ ತಿರುಗಿ ಕೇಳುತ್ತಾಳೆ. ಈ ವ್ಯಾಜ್ಯ ತೀರಿಲ್ಲ, ಇವತ್ತೂ ತೀರುವುದಿಲ್ಲ.

ಹೀಗಿರುವಾಗ ಅಣ್ಣನ ಮಗ ಬೆಂಗಳೂರಿನಿಂದ ಬಂದವನು ನಮಗೊಂದು ಚಿತ್ರ ತೋರಿಸಿದ. ಬೆಲ್ಜಿಯಂ ದೇಶದ್ದು, ಮಾತು ಫ್ರೆಂಚ್. ಮಾಡಿದವರು ಇಬ್ಬರು: ಝಾನ್-ಪಿಯೆರ್ ದಾರ್ದೆನ್, ಲ್ಯುಕ್ ದಾರ್ದೆನ್. ಅವರೂ ಒಡಹುಟ್ಟಿದವರೇ, ಅಣ್ಣ ಮತ್ತು ತಮ್ಮ. ಆ ಒಂದು ಚಿತ್ರದ ಗುಂಗಿನಲ್ಲಿ ಅವರು ಮಾಡಿದ ಉಳಿದವನ್ನೂ ಒಂದೊಂದಾಗಿ ತರಿಸಿ ನೋಡಿದೆವು.

ಅವರ ಊರಿನ ಕತೆ ಮೊದಲು ಹೇಳಬೇಕು. ಲಿಯೇಜ್ ನಗರಕ್ಕೆ ಹತ್ತಿಕೊಂಡು, ಮ್ಯೂಸ್ ನದಿಯ ದಡದ ಮೇಲೆ ಸೆರಾಂಗ್ ಎಂಬ ಊರಿದೆ. 1817ರಲ್ಲಿ ಜಾನ್ ಕಾಕರಿಲ್ ಎಂಬಾತ ಅಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ. ಕಲ್ಲಿದ್ದಲು, ಊದುಕುಲುಮೆ, ಉಕ್ಕು ಇವುಗಳಿಂದ ಊರು ಬೆಳೆಯಿತು. 1970ರ ದಶಕದಿಂದೀಚೆಗೆ ಒಂದೊಂದೇ ಕುಲುಮೆ ಆರುತ್ತ ಬಂದು, ಸೆರಾಂಗಿನ ಕೊನೆಯ ಊದುಕುಲುಮೆಯನ್ನು 2016ರಲ್ಲಿ ಕೆಡವಿಹಾಕಿದರು. ಗಿರಣಿಯ ಕೂಗು ನಿಂತ ಊರು ಹೇಗಿರುತ್ತದೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣ 1951ರಲ್ಲಿ, ತಮ್ಮ 1954ರಲ್ಲಿ ಅದೇ ಸೀಮೆಯಲ್ಲಿ ಹುಟ್ಟಿದವರು. ಒಬ್ಬ ನಾಟಕ ಕಲಿತ, ಇನ್ನೊಬ್ಬ ತತ್ತ್ವಶಾಸ್ತ್ರ ಓದಿದ. 1970ರ ದಶಕದಲ್ಲಿ ಒಂದು ವಿಡಿಯೊ ಕ್ಯಾಮೆರಾ ಹಿಡಿದು ಕೂಲಿಕಾರರ ವಸತಿಗಳಿಗೆ ಹೋದರು. ಜನ ತಮ್ಮ ಬಾಳಿನ ಕತೆ ಹೇಳುವುದನ್ನು ಚಿತ್ರ ತೆಗೆಯುವುದು, ರಜಾದಿನ ಅದನ್ನು ಅದೇ ವಸತಿಯವರಿಗೆ ತೋರಿಸುವುದು, ಇದು ಅವರ ಮೊದಲ ಉದ್ಯೋಗ. ಒಂದೇ ಗೋಡೆಗೆ ಆಚೀಚೆ ಇದ್ದೂ ಪರಿಚಯವಿಲ್ಲದವರು ಒಬ್ಬರ ಕತೆಯನ್ನೊಬ್ಬರು ಪರದೆಯ ಮೇಲೆ ಕೇಳುತ್ತಿದ್ದರು. 1979ರಲ್ಲಿ ಮಾಡಿದ ಒಂದು ಚಿತ್ರದಲ್ಲಿ, ತಾನೇ ದೋಣಿ ಕಟ್ಟಿಕೊಂಡ ಒಬ್ಬ ಕೆಲಸಗಾರ ಅದನ್ನು ಮ್ಯೂಸ್ ನದಿಗೆ ಇಳಿಸಿ, ಸಾಗುತ್ತ ಸಾಗುತ್ತ 1960ರ ದೊಡ್ಡ ಮುಷ್ಕರವನ್ನು ನೆನೆಯುತ್ತಾನೆ. ಕಥಾಚಿತ್ರಗಳಿಗೆ ಇಳಿದ ಮೇಲೂ ಅವರು ಹೆಚ್ಚಾಗಿ ಆ ಸೀಮೆಯನ್ನು ಬಿಟ್ಟು ಹೋಗಲಿಲ್ಲ. ಕಾನ್ ಚಿತ್ರೋತ್ಸವದ ಅತಿ ದೊಡ್ಡ ಬಹುಮಾನ 1999ರಲ್ಲಿ 'ರೊಸೆಟ್ಟಾ'ಗೆ, 2005ರಲ್ಲಿ 'ಮಗು' ಎಂಬ ಅರ್ಥದ ಹೆಸರಿನ ಚಿತ್ರಕ್ಕೆ, ಹೀಗೆ ಎರಡು ಸಲ ಬಂದರೂ ಅದೇ ಬೀದಿ, ಅದೇ ನದಿ.

2012ರಲ್ಲಿ ಒಂದು ಬ್ರಿಟಿಷ್ ಸಿನೆಮಾ ಪತ್ರಿಕೆ ನಿರ್ದೇಶಕರನ್ನೆಲ್ಲ ನಿಮಗೆ ಮೆಚ್ಚಿನ ಹತ್ತು ಚಿತ್ರ ಯಾವುವೆಂದು ಕೇಳಿತು. ಈ ಅಣ್ಣತಮ್ಮಂದಿರು ಇಬ್ಬರೂ ಕೂಡಿ ಒಂದೇ ಪಟ್ಟಿ ಕೊಟ್ಟರು. ಓದಿ ನಮಗೆ ನಾಚಿಕೆಯಾಯಿತು. ನಲವತ್ತು ವರ್ಷದಿಂದ ನಾವು ಒಂದು ಚಿತ್ರದ ಮೇಲೂ ಒಪ್ಪಿಲ್ಲ. ಆ ಪಟ್ಟಿಯಲ್ಲಿ ಚಾಪ್ಲಿನ್ನನ 'ಮಾಡರ್ನ್ ಟೈಮ್ಸ್' ಇದೆ, ತಿರುಪು ಬಿಗಿದು ಬಿಗಿದು ಕೈ ಸ್ವಾಧೀನ ತಪ್ಪುವ ಆ ಕೆಲಸಗಾರನ ಚಿತ್ರ. ಇಟಲಿಯ ರೊಸೆಲ್ಲಿನಿ 1948ರಲ್ಲಿ ತೆಗೆದ 'ಜರ್ಮನಿ, ಸೊನ್ನೆ ವರ್ಷ' ಎಂಬರ್ಥದ ಚಿತ್ರವೂ ಇದೆ. ಯುದ್ಧದಲ್ಲಿ ಪುಡಿಯಾದ ಬರ್ಲಿನ್ನಿನಲ್ಲಿ ಒಬ್ಬ ಹುಡುಗ, ಬಲವಿಲ್ಲದವರು ಸಾಯಬೇಕೆಂಬ ಮೇಷ್ಟ್ರ ಮಾತು ಕೇಳಿ ರೋಗಿ ತಂದೆಗೆ ವಿಷವಿಡುತ್ತಾನೆ. ಆಮೇಲೆ ಒಬ್ಬನೇ ಹಾಳುಬಿದ್ದ ಬೀದಿಗಳಲ್ಲಿ ಅಲೆಯುತ್ತಾನೆ, ಕ್ಯಾಮೆರಾ ಅವನ ಬೆಂಬಿಡದೆ ನಡೆಯುತ್ತದೆ. ದಾರ್ದೆನ್ನರ ಕ್ಯಾಮೆರಾ ನಡೆಯಲು ಕಲಿತದ್ದು ಆ ಹುಡುಗನ ಹಿಂದೆಯೇ ಎಂದು ನಮಗೆ ಅನ್ನಿಸುತ್ತದೆ.

ಏಕೆಂದರೆ ಅವರ ಕ್ಯಾಮೆರಾ ಮನುಷ್ಯನ ಎದುರಿಗೆ ಬಂದು ನಿಲ್ಲುವುದು ಕಡಿಮೆ. ಬೆನ್ನ ಹಿಂದೆ, ಕತ್ತಿನ ಹತ್ತಿರ, ಹೆಗಲಿನ ಪಕ್ಕ. 2002ರ 'ಮಗ' ಎಂಬರ್ಥದ ಚಿತ್ರದಲ್ಲಿ ಬಡಗಿ ಕೆಲಸ ಕಲಿಸುವ ಮೇಸ್ತ್ರಿಯ ಕತ್ತನ್ನೇ ಅರ್ಧ ಚಿತ್ರ ನೋಡುತ್ತೇವೆ. ದುಡ್ಡು ಕೊಟ್ಟು ಕತ್ತು ನೋಡಬೇಕೆ ಎಂದು ಅಣ್ಣ ಮೊದಲು ಗೊಣಗಿದ. ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ತಾನು ನೋಡಿದ್ದು ಮುಂದಿನ ಸಾಲಿನವಳ ಕತ್ತನ್ನೇ, ಅವಳು ಅಳುತ್ತಿದ್ದಾಳೆಂಬುದು ಕತ್ತಿನಿಂದಲೇ ತಿಳಿಯುತ್ತಿತ್ತು ಎಂದು ತಂಗಿ ಹೇಳಿದ ಮೇಲೆ ಸುಮ್ಮನಾದ.

ಅವರ ಕಸುಬಿನ ರೀತಿ ನಮ್ಮ ಕಸುಬಿನವರಿಗೆ ತಿಳಿಯುವಂಥದ್ದೇ. ಕತೆಯನ್ನು ಇಬ್ಬರೂ ಬಹುಕಾಲ ಮಾತನಾಡಿ ಹದಗೊಳಿಸುತ್ತಾರೆ, ಆಮೇಲೆ ತಮ್ಮ ಬರೆಯಲು ಕೂರುತ್ತಾನೆ. ಚಿತ್ರೀಕರಣಕ್ಕೆ ಮುಂಚೆ ನಟರನ್ನು ಕಟ್ಟಿಕೊಂಡು ಹಲವು ವಾರ ತಾಲೀಮು. ಬೇರೆಯವರು ಖರ್ಚು ಉಳಿಸಲು ಕೊನೆಯದನ್ನು ಮೊದಲು, ಮೊದಲಿನದನ್ನು ಆಮೇಲೆ ತೆಗೆಯುತ್ತಾರೆ. ಇವರು ಕತೆ ಹೇಗೆ ಸಾಗುತ್ತದೋ ಅದೇ ಕ್ರಮದಲ್ಲಿ ತೆಗೆಯುತ್ತಾರೆ. ಒಬ್ಬ ನಟರ ಜೊತೆ ನಿಂತರೆ ಇನ್ನೊಬ್ಬ ಮಾನಿಟರಿನ ಮುಂದೆ, ಆಮೇಲೆ ಅದಲುಬದಲು. ಒಂದೇ ದೃಶ್ಯ ಹತ್ತಾರು ಸಲ. ಅಳಿಸುವುದಕ್ಕೆಂದು ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯುವುದಿಲ್ಲ. 2014ರಲ್ಲಿ ಆಸ್ಕರ್ ಪಡೆದ ಮರಿಯೋನ್ ಕೊಟಿಯಾರ್ ಅಂಥ ನಟಿಯನ್ನು ಕರೆತಂದಾಗಲೂ ಈ ಪದ್ಧತಿ ಬಿಡಲಿಲ್ಲ.

ಆ 2014ರ ಚಿತ್ರವೇ ನಾವು ಮೊದಲು ನೋಡಿದ್ದು, ಬೋನಸ್ಸಿನ ಮಾತು ಇರುವುದೂ ಅದರಲ್ಲೇ. ಹೆಸರು 'ಎರಡು ಹಗಲು, ಒಂದು ರಾತ್ರಿ' ಎಂದಾಗುತ್ತದೆ.

ಸೌರಫಲಕ ತಯಾರಿಸುವ ಒಂದು ಚಿಕ್ಕ ಕಾರ್ಖಾನೆ. ಸಾಂಡ್ರಾ ಎಂಬ ಹೆಂಗಸು ಮನಸ್ಸಿನ ಕಾಯಿಲೆಯಿಂದ ರಜೆಯಲ್ಲಿದ್ದು ಈಗ ಚೇತರಿಸಿಕೊಂಡಿದ್ದಾಳೆ. ಅವಳಿಲ್ಲದಾಗ ಉಳಿದ 16 ಮಂದಿಯೇ ಹೆಚ್ಚು ಹೊತ್ತು ದುಡಿದರೆ ಕೆಲಸ ಸಾಗುತ್ತದೆಂಬುದು ಮಾಲಕನಿಗೆ ಗೊತ್ತಾಗಿದೆ. ಅವನು ಕೆಲಸಗಾರರ ಮುಂದೆ ಇಟ್ಟ ಪ್ರಶ್ನೆ ಇಷ್ಟೇ: ನಿಮಗೆ ತಲೆಗೆ 1000 ಯೂರೊ ಬೋನಸ್ಸು ಬೇಕೋ, ಸಾಂಡ್ರಾ ಬೇಕೋ? ಆಗಿನ ಲೆಕ್ಕದಲ್ಲಿ ಅದು ನಮ್ಮ 80 ಸಾವಿರ ರೂಪಾಯಿಯ ಆಸುಪಾಸು. ಹೆಚ್ಚಿನವರು ಬೋನಸ್ಸು ಎಂದರು. ಫೋರ್‌ಮನ್ ಹೆದರಿಸಿದ್ದನೆಂಬ ಮಾತಿನ ಮೇಲೆ ಸೋಮವಾರ ಗುಟ್ಟಿನ ಮತದಾನ ಎಂದಾಯಿತು. ನಡುವೆ ಇರುವ ಶನಿವಾರ, ಭಾನುವಾರಗಳಲ್ಲಿ ಅವಳು ಒಬ್ಬೊಬ್ಬರ ಮನೆಗೆ ಹೋಗಿ ಕೇಳಬೇಕು. ಚಿತ್ರವೆಂದರೆ ಇದೇ: ಒಂದಾದ ಮೇಲೊಂದು ಬಾಗಿಲು.

ಎಲ್ಲ ಬಾಗಿಲಲ್ಲೂ ಅವಳು ಹೆಚ್ಚುಕಡಿಮೆ ಅದೇ ಮಾತು ಹೇಳುತ್ತಾಳೆ. ಆದರೂ ಬೇಸರ ಬರುವುದಿಲ್ಲ. ಮನೆಯವರನ್ನೂ ಅವಳನ್ನೂ ಬೇರೆ ಬೇರೆ ತುಂಡಾಗಿ ತೋರಿಸದೆ, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ನನ್ನ ಜಾಗದಲ್ಲಿ ನಿಂತು ನೋಡಿ ಎಂದು ಇವಳು. ನನ್ನ ಜಾಗದಲ್ಲಿ ನೀನೂ ನಿಲ್ಲು ಎಂದು ಅವರು. ಹುಡುಗರಿಗೆ ಕಾಲ್ಚೆಂಡು ಕಲಿಸುತ್ತಿದ್ದ ಒಬ್ಬ ಯುವಕ ಅವಳನ್ನು ಕಂಡೊಡನೆ ಅತ್ತುಬಿಡುತ್ತಾನೆ. ತಾನು ಹೊಸಬನಾಗಿದ್ದಾಗ ಮಾಡಿದ ತಪ್ಪನ್ನು ಅವಳು ತನ್ನದೆಂದು ಹೊತ್ತುಕೊಂಡದ್ದು ಅವನಿಗೆ ನೆನಪಿದೆ. ಇನ್ನೊಂದು ಮನೆಯಲ್ಲಿ ಒಂದು ಮಗುವಿನ ಕೈಲಿ ಅಮ್ಮ ಮನೆಯಲ್ಲಿಲ್ಲ ಎಂದು ಹೇಳಿಸುತ್ತಾರೆ. ಅಮ್ಮ ಒಳಗೇ ಇದ್ದಾಳೆಂಬುದು ಸಾಂಡ್ರಾಳಿಗೆ ತಿಳಿಯುತ್ತದೆ.

ಈ ದೃಶ್ಯ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏಕೆಂಬುದನ್ನು ಇಲ್ಲಿ ಹೇಳಬೇಕೆಂದು ಮಾತಾಡಿಕೊಂಡು ಬಂದಿದ್ದೇವೆ.

ಅದು 1979. ನಮ್ಮ ತಂದೆ ಇದೇ ಊರಿನ ಒಂದು ಗಿರಣಿಯ ನೂಲುವ ಖಾತೆಯಲ್ಲಿದ್ದರು. ಆ ಗಿರಣಿ ಈಗಿಲ್ಲ. ಒಬ್ಬೊಬ್ಬರು ಒಂದೊಂದು ಫ್ರೇಮ್ ಹೆಚ್ಚು ನೋಡಿಕೊಂಡರೆ ಕೂಲಿಯ ಮೇಲೆ ಇಷ್ಟೆಂದು ಸೇರಿಸಿ ಕೊಡುವುದಾಗಿ ಆಡಳಿತದವರು ಹೇಳಿದರು. ಹಾಗಾದರೆ ಬದಲಿಯವರು ಬೇಕಾಗುವುದಿಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಹಿ ಹಾಕಿದವರಲ್ಲಿ ನಮ್ಮ ತಂದೆಯೂ ಒಬ್ಬರು. ಕೆಲಸ ಹೋದ ಬದಲಿಯವರಲ್ಲಿ ಒಬ್ಬರು ನಮ್ಮ ಸಾಲಿನಲ್ಲೇ ನಾಲ್ಕು ಮನೆ ಆಚೆ ಇದ್ದರು. ಅವರನ್ನು ನಾವು ಮಾಮ ಎನ್ನುತ್ತಿದ್ದೆವು. ಒಂದು ಸಂಜೆ ಅವರು ಬಂದು ಬಾಗಿಲು ಬಡಿದರು. ಅಪ್ಪ ಒಳಮನೆಗೆ ಎದ್ದುಹೋದರು. ಅವ್ವ ನಮ್ಮನ್ನು ಮುಂದಕ್ಕೆ ತಳ್ಳಿದಳು. ಹನ್ನೊಂದು ವರ್ಷದ ಒಬ್ಬ, ಎಂಟು ವರ್ಷದ ಒಬ್ಬಳು, ಇಬ್ಬರೂ ಒಟ್ಟಿಗೇ ಹೇಳಿದೆವು: "ಅಪ್ಪ ಮನ್ಯಾಗಿಲ್ಲ ಮಾಮಾ."

ಜಗಲಿಗೆ ಅಪ್ಪನ ಸೈಕಲ್ಲು ಒರಗಿಸಿತ್ತು. ಮಾಮ ಅದನ್ನು ನೋಡಿದರು. "ಆತು, ಬಂದಿದ್ದೆ ಅಂತ ಹೇಳ್ರಿ" ಎಂದು ಹೋದರು.

ಮುಂದಿನ ಭಾನುವಾರ ಅಪ್ಪ ನಮ್ಮನ್ನು ಸಿನೆಮಾಕ್ಕೆ ಕರೆದುಕೊಂಡು ಹೋದರು. ಗಾಂಧಿ ಕ್ಲಾಸಲ್ಲ, ಮೊದಲ ಸಲ ಬಾಲ್ಕನಿ. ಮರಳಿ ಬಂದಿದ್ದ 'ಬಂಗಾರದ ಮನುಷ್ಯ'. ರಾಜೀವ ಮನೆ ಬಿಟ್ಟು ನಡೆದು ಹೋಗುವಾಗ ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಅವನಿಗೆ ಎಲ್ಲಕ್ಕಿಂತ ಮೆಚ್ಚಿನ ಚಿತ್ರದ ಟಿಕೀಟು ಆ ಹೆಚ್ಚಿನ ಫ್ರೇಮಿನ ದುಡ್ಡಿನದು. ಈ ಮಾತನ್ನು ನಾವು ಇಷ್ಟು ವರ್ಷ ಒಬ್ಬರಿಗೊಬ್ಬರು ಆಡಿರಲಿಲ್ಲ.

ಆ ಸಂಜೆಯನ್ನು ನೆನೆದಾಗಲೆಲ್ಲ ನಮಗೆ ಕಾಣುತ್ತಿದ್ದುದು ಒಳಗಿನಿಂದ: ಬಾಗಿಲು, ಅದರಾಚೆ ಮಾಮ. ದಾರ್ದೆನ್ನರ ಕ್ಯಾಮೆರಾ ಸಾಂಡ್ರಾಳನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅವಳು ಹೊರಗೆ ನಿಂತರೆ ಅದೂ ಹೊರಗೇ. ಒಳಗೆ ಬಚ್ಚಿಟ್ಟುಕೊಂಡವರ ಕಷ್ಟ ತೋರಿಸಲು ಅದು ಗೋಡೆ ದಾಟುವುದಿಲ್ಲ. ಹೀಗೆ ಆ ಚಿತ್ರ ನಮ್ಮನ್ನು ಮೊದಲ ಬಾರಿಗೆ ಮಾಮನ ಜಾಗದಲ್ಲಿ, ಬೀದಿಯ ಕಡೆ ನಿಲ್ಲಿಸಿತು. ಕ್ಯಾಮೆರಾ ಎಲ್ಲಿ ಇಡಬೇಕೆಂಬುದು ಅಂದಚೆಂದದ ಪ್ರಶ್ನೆ ಎಂದು ತಿಳಿದಿದ್ದೆವು. ಬಾಗಿಲಿನ ಯಾವ ಕಡೆ ಇಡಬೇಕೆಂಬುದು ಅದಕ್ಕಿಂತ ಮುಂಚಿನ ಪ್ರಶ್ನೆ.

ಕೊನೆಯನ್ನೂ ಹೇಳಿಬಿಡುತ್ತೇವೆ, ಇದೇನು ಪತ್ತೇದಾರಿ ಕತೆಯಲ್ಲ. ಮತ ಎಂಟಕ್ಕೆ ಎಂಟು ಬೀಳುತ್ತವೆ. ಒಂದು ಕಡಿಮೆಯಾಗಿ ಅವಳು ಸೋಲುತ್ತಾಳೆ. ಆಗ ಮಾಲಕ ಅವಳನ್ನು ಒಳಗೆ ಕರೆದು, ಬೋನಸ್ಸೂ ಕೊಡುತ್ತೇನೆ, ಕರಾರಿನ ಮೇಲಿರುವ ಒಬ್ಬನ ಅವಧಿ ಮುಗಿದಾಗ ಅದನ್ನು ಮುಂದುವರಿಸದೆ ನಿನ್ನನ್ನು ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಕರಾರಿನ ಕೆಲಸಗಾರನೊಬ್ಬ ತನ್ನ ಕೆಲಸಕ್ಕೆ ಕುತ್ತು ಬರುವ ಹೆದರಿಕೆ ಇದ್ದೂ ಅವಳಿಗೆ ಮತ ಹಾಕಿರುತ್ತಾನೆ. ಅವಳು ಒಲ್ಲೆನೆಂದು ಹೊರಬರುತ್ತಾಳೆ.

ಇಲ್ಲಿಂದ ನಮ್ಮ ಹೊಸ ಜಗಳ. ಬೋನಸ್ಸಿಗೆ ಮತ ಹಾಕಿದ ಎಂಟು ಮಂದಿಯನ್ನು ಬೈಯಲು ಅಣ್ಣ ಒಪ್ಪುವುದಿಲ್ಲ. ಉದ್ದರಿ ಪುಸ್ತಕ ಇಟ್ಟವನಿಗೆ ಯಾವ ಮನೆಗೆ ಒಂದು ಸಾವಿರ ಎಂದರೆ ಏನೆಂಬುದು ಗೊತ್ತು ಎನ್ನುತ್ತಾನೆ. ಅವರ ಮೇಲೆ ತಂಗಿಗೂ ಸಿಟ್ಟಿಲ್ಲ. ಪಕ್ಕದ ಯಂತ್ರದ ಹುಡುಗಿಯನ್ನು ಕಳಿಸಿದ ದಿನ ತಾನೂ ತಲೆ ಎತ್ತದೆ ಹೊಲಿಯುತ್ತಿದ್ದೆ ಎನ್ನುತ್ತಾಳೆ. ಅವಳ ತಕರಾರು ಚಿತ್ರದ ಮೇಲೆ. ಅಷ್ಟೊಂದು ಬಾಗಿಲು ತಟ್ಟಿದ ಕ್ಯಾಮೆರಾ ಮಾಲಕನ ಲೆಕ್ಕದ ಪುಸ್ತಕವನ್ನು ಒಮ್ಮೆಯಾದರೂ ತೆರೆಯಬೇಡವೆ? ಬೋನಸ್ಸೋ ಸಾಂಡ್ರಾಳೋ ಎಂಬ ಪ್ರಶ್ನೆ ಬರೆದವನು ಐದು ಹತ್ತು ನಿಮಿಷ ಮುಖ ತೋರಿಸಿ ಹೋಗುತ್ತಾನಲ್ಲ? ಅಣ್ಣನ ಉತ್ತರ: ಅದೇ ನಿಜ. ಅಪ್ಪ ತಮ್ಮ ಇಡೀ ಸರ್ವಿಸಿನಲ್ಲಿ ಗಿರಣಿಯ ಮಾಲಕರನ್ನು ಎಷ್ಟು ಸಲ ಕಂಡಿದ್ದರು? ಕಂಡದ್ದು ಮಾಮನನ್ನು. ಇದಕ್ಕೆ ತಂಗಿ ಹೇಳುವುದು, ಅಪ್ಪ ಕಾಣಲಿಲ್ಲವೆಂದೇ ಸಿನೆಮಾ ಕಾಣಿಸಬೇಕು.

ಚಿತ್ರ ಮಾಡಿ ಆಗುವುದೇನೆಂದು ಕೆಲವರು ಕೇಳಬಹುದು. 'ರೊಸೆಟ್ಟಾ' ಕೆಲಸಕ್ಕಾಗಿ ಪರದಾಡುವ ಹುಡುಗಿಯ ಕತೆ; ದೋಸೆಯಂಥ ತಿಂಡಿ ಮಾರುವ ಅಂಗಡಿಯ ಹುಡುಗನ ಕಳ್ಳವ್ಯಾಪಾರವನ್ನು ಮಾಲಕನಿಗೆ ಹೇಳಿ ಅವನ ಕೆಲಸವನ್ನೇ ಅವಳು ಹಿಡಿಯುತ್ತಾಳೆ. ಅದು ಬಂದ ಮೇಲೆ ಬೆಲ್ಜಿಯಂ ಸರಕಾರ ತರುಣರಿಗೆ ಕೆಲಸ ಕೊಡಿಸುವ ಯೋಜನೆ ತಂದು, ಅದಕ್ಕೆ ರೊಸೆಟ್ಟಾ ಯೋಜನೆಯೆಂದೇ ಹೆಸರಾಯಿತು. ಆ ಕಾನೂನು ಮೊದಲೇ ತಯಾರಾಗುತ್ತಿತ್ತು, ನಮ್ಮ ಚಿತ್ರದಿಂದ ಬಂದದ್ದಲ್ಲ ಎಂದು ಅಣ್ಣತಮ್ಮಂದಿರೇ ಹೇಳಿದ್ದಾರೆ. ಸುಮ್ಮನಿದ್ದರೆ ಕೀರ್ತಿ ತಾನಾಗಿ ಬರುತ್ತಿತ್ತು, ಅವರು ಸುಮ್ಮನಿರಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಮಾಮನ ಸಂಸಾರ ಮರುವರ್ಷವೇ ಊರು ಬಿಟ್ಟಿತು. ಆ ಸಂಜೆ ಅವರು ಏನು ಕೇಳಲು ಬಂದಿದ್ದರೆಂದು ಅವ್ವನನ್ನು ಮೊನ್ನೆ ಕೇಳಿದೆವು. ಕೇಳಿಸಿಕೊಂಡಿದ್ದರೆ ಗೊತ್ತಾಗುತ್ತಿತ್ತು ಎಂದಳು.

ಬರುವ ಭಾನುವಾರ ಸಂಜೆ ಆರು ಗಂಟೆಗೆ ಇದೇ ಕೊಠಡಿಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸುತ್ತೇವೆ. ಒಂದೂವರೆ ಗಂಟೆಯ ಚಿತ್ರ. ಮಾತು ಫ್ರೆಂಚಿನಲ್ಲಿರುವುದರಿಂದ ನಾವಿಬ್ಬರೂ ಪರದೆಯ ಆಚೀಚೆ ಕೂತು ಕನ್ನಡದಲ್ಲಿ ಹೇಳುತ್ತ ಹೋಗುತ್ತೇವೆ. ಸಾಂಡ್ರಾಳ ಮಾತು ತಂಗಿಯದು, ಬಾಗಿಲು ತೆರೆದವರ ಮಾತೆಲ್ಲ ಅಣ್ಣನದು. ಮಕ್ಕಳನ್ನೂ ಕರೆತರಬಹುದು. ಟಿಕೀಟಿಲ್ಲ. ಮಂಡಕ್ಕಿ ಅಂಗಡಿಯಿಂದ ಬರುತ್ತದೆ.